ಬಿಲ್ಲುಗಾರನ ಬೆನ್ನು

ಬಿಲ್ಲುಗಾರನ ಚಿತ್ರವನ್ನು ಒಮ್ಮೆಯಾದರೂ ಬರೆಯದ ಮಕ್ಕಳು ನಮ್ಮಲ್ಲಿ ವಿರಳ. ರಾಮಾಯಣ ಮಹಾಭಾರತಗಳ ಕಥೆಗಳನ್ನು ಕೇಳುತ್ತ ಬೆಳೆಯುವ ನಾಡಿನಲ್ಲಿ, ಕೈಗೆ ಸೀಮೆಸುಣ್ಣ ಸಿಕ್ಕಿದೊಡನೆ ಗೋಡೆಯ ಮೇಲೆ ಒಬ್ಬ ರಾಮನೋ ಅರ್ಜುನನೋ ಮೂಡಿಬಿಡುತ್ತಾನೆ. ಮೇಲ್ನೋಟಕ್ಕೆ ಇದು ಸುಲಭದ ಕೆಲಸ. ಬಾಗಿದ ಗೆರೆಯೊಂದನ್ನು ಎಳೆದರೆ ಬಿಲ್ಲಾಯಿತು. ನೇರ ಗೆರೆಯೊಂದನ್ನು ಎಳೆದರೆ ಬಾಣವಾಯಿತು. ನಡುವೆ ಒಬ್ಬ ಮನುಷ್ಯನನ್ನು ನಿಲ್ಲಿಸಿದರೆ ಚಿತ್ರ ಮುಗಿಯಿತು. ಆದರೆ ಆ ಮನುಷ್ಯನು ನಿಜವಾಗಿಯೂ ಬಿಲ್ಲನ್ನು ಸೆಳೆಯುತ್ತಿದ್ದಾನೆಯೆ, ಅಥವಾ ಸೆಳೆದಂತೆ ನಟಿಸುತ್ತಿದ್ದಾನೆಯೆ? ಈ ಪ್ರಶ್ನೆಯನ್ನು ನಾವು ಕೇಳುವುದು ಅಪರೂಪ.

ಅಂಗಡಿಗಳಲ್ಲಿ ತೂಗುಹಾಕಿದ ಎಷ್ಟೋ ಕ್ಯಾಲೆಂಡರುಗಳ ಬಿಲ್ಲುಗಾರನನ್ನು ನೋಡಿರಿ. ಅವನ ಮುಖ ನಮ್ಮ ಕಡೆಗೆ, ಬಾಣ ಬೇರೊಂದು ಕಡೆಗೆ. ತೋಳಿನ ಮಾಂಸಖಂಡಗಳು ಉಬ್ಬಿ ನಿಂತಿರುತ್ತವೆ. ಹೆದೆಯನ್ನು ಎಳೆಯುವ ಕೈಯ ಮೊಣಕೈ ಮಾತ್ರ ಜೋತುಬಿದ್ದಿರುತ್ತದೆ. ಹೆದೆ ಕಿವಿಯವರೆಗೆ ಬಂದಿದ್ದರೂ ಬಿಲ್ಲು ಅದಕ್ಕೆ ತಕ್ಕಂತೆ ಬಾಗಿರುವುದಿಲ್ಲ. ಪಾದಗಳು ನೆಲವನ್ನು ಒತ್ತದೆ ಸುಮ್ಮನೆ ತಾಗಿರುತ್ತವೆ. ಹೀಗೆ ನಿಂತವನು ಬಾಣವನ್ನು ಹೂಡಿದ್ದೇ ಆದರೆ ಅದು ಅವನ ಕಾಲ ಬಳಿಯೇ ಬಿದ್ದೀತು! ಆದರೂ ನಾವು ಅಂಥ ಚಿತ್ರವನ್ನು ಮೆಚ್ಚುತ್ತೇವೆ. ಮಕ್ಕಳು ಅದನ್ನೇ ನೋಡಿ ಬರೆಯುತ್ತಾರೆ. ನಕಲಿನ ನಕಲು ಬೆಳೆಯುತ್ತ ಹೋಗುತ್ತದೆ.

ನಾನೂ ಈ ತಪ್ಪಿಗೆ ಹೊರತಾದವನಲ್ಲ. ಸುಮಾರು ಮೂವತ್ತು ವರ್ಷಗಳ ಹಿಂದೆ ನಾನು ಅಧ್ಯಾಪಕನಾಗಿದ್ದ ಶಾಲೆಯಲ್ಲಿ ಕೈಬರಹದ ಪತ್ರಿಕೆಯೊಂದನ್ನು ಹೊರತರುತ್ತಿದ್ದೆವು. ಆ ವರ್ಷದ ಮುಖಪುಟಕ್ಕೆ ಏಕಲವ್ಯನ ಚಿತ್ರ ಬೇಕಾಗಿತ್ತು. ಒಂಬತ್ತನೆಯ ತರಗತಿಯ ಒಬ್ಬ ಹುಡುಗ ಚಿತ್ರ ಬರೆದು ತಂದ. ಅದರಲ್ಲಿ ಏಕಲವ್ಯನನ್ನು ಹಿಂದಿನಿಂದ ಕಂಡಂತೆ ತೋರಿಸಲಾಗಿತ್ತು. ಮುಖದ ಅಂಚು ಮಾತ್ರ ಕಾಣುತ್ತಿತ್ತು. ಹಾಳೆಯನ್ನೆಲ್ಲ ತುಂಬಿದ್ದು ಬಿಗಿದ ಬೆನ್ನು. ನಾನು ಅದನ್ನು ತರಗತಿಗೆಲ್ಲ ಎತ್ತಿ ತೋರಿಸಿ, “ಬೆನ್ನು ತೋರಿಸುವವನು ಎಂಥ ವೀರನಯ್ಯಾ?” ಎಂದೆ. ತರಗತಿ ಗೊಳ್ಳೆಂದು ನಕ್ಕಿತು. ಹುಡುಗ ತಲೆ ತಗ್ಗಿಸಿ, “ಎಳೆಯುವಾಗ ಬೆನ್ನೇ ಬಿಗಿಯಾಗೋದು ಸಾರ್. ನಮ್ಮಣ್ಣನ ಕೈಗೆ ಬಿದಿರಿನ ಬಿಲ್ಲು ಕೊಟ್ಟು ನೋಡಿದೆ” ಎಂದ. ನಾನು ಆ ಮಾತಿಗೆ ಕಿವಿಗೊಡಲಿಲ್ಲ. ಕ್ಯಾಲೆಂಡರಿನಿಂದ ಅಂದವಾಗಿ ನಕಲು ಮಾಡಿದ ಬೇರೊಂದು ಚಿತ್ರ ಮುಖಪುಟವನ್ನೇರಿತು.

ನಿವೃತ್ತನಾದ ಮೇಲೆ ಒಂದು ದಿನ ಕ್ರೀಡಾಂಗಣವೊಂದರಲ್ಲಿ ಬಿಲ್ಲುಗಾರಿಕೆಯ ಅಭ್ಯಾಸವನ್ನು ನೋಡುವ ಅವಕಾಶ ಒದಗಿತು. ಒಲಿಂಪಿಕ್ ಸ್ಪರ್ಧೆಯಲ್ಲಿ ಗುರಿಫಲಕ 70 ಮೀಟರ್ ದೂರದಲ್ಲಿರುತ್ತದೆ. 122 ಸೆಂಟಿಮೀಟರ್ ವ್ಯಾಸದ ಆ ಫಲಕದಲ್ಲಿ ಹತ್ತು ಅಂಕ ತರುವ ನಡುವೃತ್ತದ ವ್ಯಾಸ ಕೇವಲ 12.2 ಸೆಂಟಿಮೀಟರ್. ಅಂಥ ಗುರಿಗಾಗಿ ಬಳಸುವ ಬಿಲ್ಲನ್ನು ಪೂರ್ತಿಯಾಗಿ ಸೆಳೆದು ಹಿಡಿಯಲು ಪುರುಷ ಸ್ಪರ್ಧಿಗಳಿಗೆ ಸುಮಾರು 20 ಕಿಲೋಗ್ರಾಂ ಭಾರವನ್ನು ಎತ್ತುವಷ್ಟು ಬಲ ಬೇಕು. ಈ ಬಲ ತೋಳೊಂದರಿಂದಲೇ ಬರಲಾರದು. ಅಭ್ಯಾಸ ಮಾಡುತ್ತಿದ್ದ ಹುಡುಗಿಯೊಬ್ಬಳಿಗೆ ತರಬೇತುದಾರರು, “ಕೈಯಿಂದ ಎಳೆಯಬೇಡಮ್ಮ, ಬೆನ್ನಿನಿಂದ ಎಳೆ” ಎಂದು ಹೇಳುತ್ತಿದ್ದರು. ನಾನು ಅವಳ ಹಿಂದೆ ನಿಂತಿದ್ದೆ. ಹೆದೆ ಹಿಂದಕ್ಕೆ ಬಂದಂತೆ ಹೆಗಲ ಹಿಂದಿನ ತ್ರಿಕೋನಾಕಾರದ ಎಲುಬುಗಳೆರಡೂ ಬೆನ್ನೆಲುಬಿನ ಕಡೆಗೆ ಸರಿದವು. ಅವುಗಳ ನಡುವಣ ಸ್ನಾಯುಗಳು ಬಿಗಿದವು. ಬಿಲ್ಲು ಹಿಡಿದ ತೋಳು ನೀಳವಾಗಿತ್ತು, ಆದರೆ ಅದರ ಹೆಗಲು ಕಿವಿಯತ್ತ ಏರಿರಲಿಲ್ಲ. ಬಾಣದ ಮೊನೆಯಿಂದ ಎಳೆಯುವ ಕೈಯ ಮೊಣಕೈಯವರೆಗೆ ಬಹುಮಟ್ಟಿಗೆ ಒಂದೇ ಸರಳರೇಖೆ. ಹೆದೆ ಗದ್ದವನ್ನು ಮುಟ್ಟಿತ್ತು. ಮುಖ ಗುರಿಯತ್ತ ತಿರುಗಿತ್ತೇ ಹೊರತು ಮುಂದಕ್ಕೆ ಬಾಗಿರಲಿಲ್ಲ. ಪಾದಗಳೆರಡೂ ನೆಲವನ್ನು ಕಚ್ಚಿ ಹಿಡಿದಿದ್ದವು. ಆ ಬೆನ್ನನ್ನು ನಾನು ಹಿಂದೊಮ್ಮೆ ಕಂಡಿದ್ದೆ. ಶಾಲೆಯ ಹಾಳೆಯೊಂದರ ಮೇಲೆ ಕಂಡಿದ್ದೆ, ಕಂಡು ನಕ್ಕಿದ್ದೆ.

ನಮ್ಮ ಪೂರ್ವಿಕರು ಈ ಸಂಗತಿಯನ್ನು ಬಲ್ಲವರಾಗಿದ್ದರು. ಬಿಲ್ಲುಗಾರನ ನಿಲುವುಗಳಿಗೆ ಆಲೀಢ, ಪ್ರತ್ಯಾಲೀಢ ಮೊದಲಾದ ಹೆಸರುಗಳನ್ನಿಟ್ಟು, ಅವು ಐದೆಂದು ಅಮರಕೋಶ ಎಣಿಸುತ್ತದೆ. ನಿಲುವಿಗೆ ಹೆಸರಿಡಬೇಕಾದರೆ ಅದನ್ನು ಕಣ್ಣಿಟ್ಟು ನೋಡಿರಬೇಕಷ್ಟೆ. ವಿಷ್ಣುಧರ್ಮೋತ್ತರ ಪುರಾಣದಲ್ಲಿ ಶಿಲ್ಪವನ್ನು ಕಲಿಯಬಯಸಿದ ವಜ್ರನೆಂಬ ಅರಸನಿಗೆ ಮಾರ್ಕಂಡೇಯ ಮುನಿಯು, ಶಿಲ್ಪಕ್ಕೆ ಚಿತ್ರದ ಅರಿವು ಬೇಕು, ಚಿತ್ರಕ್ಕೆ ನೃತ್ಯದ ಅರಿವು ಬೇಕು ಎಂದು ತಿಳಿಸುತ್ತಾನೆ. ಚಲಿಸುವ ದೇಹವನ್ನು ಅರಿಯದವನು ನಿಂತ ದೇಹವನ್ನೂ ಬರೆಯಲಾರನೆಂಬುದು ಇದರ ತಾತ್ಪರ್ಯ.

ಇಲ್ಲಿ ಒಂದು ಆಕ್ಷೇಪ ಹುಟ್ಟಬಹುದು. ನಮ್ಮ ಶಿಲ್ಪಿಗಳು ಎಲುಬು ಸ್ನಾಯುಗಳನ್ನು ಲೆಕ್ಕಿಸಿದವರಲ್ಲ. ಹೀಗಿರುವಾಗ ಚಿತ್ರಕಾರನಿಗೆ ಅಂಗರಚನೆಯ ಗೊಡವೆಯೇಕೆ ಎಂದು ಕೆಲವರು ಕೇಳುತ್ತಾರೆ. 1117ರಲ್ಲಿ ಪ್ರತಿಷ್ಠಾಪಿತವಾದ ಬೇಲೂರಿನ ಚೆನ್ನಕೇಶವ ದೇವಾಲಯದ ಮದನಿಕೆಯರಲ್ಲಿ ಬಿಲ್ಲು ಹಿಡಿದ ಬೇಟೆಗಾರ್ತಿಯೂ ಇದ್ದಾಳೆ. ಅವಳ ಮೈಮೇಲೆ ಆಭರಣಗಳಿವೆಯೇ ಹೊರತು ಉಬ್ಬಿದ ಸ್ನಾಯುಗಳಿಲ್ಲ, ನಿಜ. ಆದರೆ ಸೊಂಟದ ಬಳುಕು, ಹೆಗಲಿನ ಓರೆ, ಕಾಲಿನ ಮೇಲೆ ಬಿದ್ದ ಭಾರ ಇವು ಒಂದಕ್ಕೊಂದು ಉತ್ತರ ಕೊಡುವಂತಿವೆ. ಸ್ನಾಯುವನ್ನು ತೋರಿಸದಿರುವುದು ಬೇರೆ. ಅದರ ಕೆಲಸವನ್ನು ತಿಳಿಯದಿರುವುದು ಬೇರೆ. ಅರಿತು ಬಿಟ್ಟದ್ದು ಕಲೆ; ಅರಿಯದೆ ಬಿಟ್ಟದ್ದು ಕೊರತೆ.

ಇದಕ್ಕೆ ಇನ್ನೊಂದು ನಿದರ್ಶನ ದೂರದ ಫ್ರಾನ್ಸ್ ದೇಶದಲ್ಲಿದೆ. ಅಲ್ಲಿನ ಶಿಲ್ಪಿ ಬೂರ್ದೆಲ್ 1909ರಲ್ಲಿ ಗ್ರೀಕ್ ವೀರ ಹೆರಾಕ್ಲಿಸನು ಬಾಣ ಬಿಡುತ್ತಿರುವ ಪ್ರತಿಮೆಯನ್ನು ರೂಪಿಸಿದನು. ವೀರನು ಒಂದು ಮೊಣಕಾಲನ್ನೂರಿ, ಇನ್ನೊಂದು ಪಾದವನ್ನು ಬಂಡೆಗೆ ಒತ್ತಿ, ಮೈಯನ್ನು ಹಿಂದಕ್ಕೆ ಸೆಳೆದಿದ್ದಾನೆ. ಸೋಜಿಗವೆಂದರೆ ಆ ಬಿಲ್ಲಿಗೆ ಹೆದೆಯಿಲ್ಲ, ಬಾಣವೂ ಇಲ್ಲ! ಆದರೂ ನೋಡುವವನ ಮನಸ್ಸು ಅವೆರಡನ್ನೂ ತಾನೇ ತುಂಬಿಕೊಳ್ಳುತ್ತದೆ. ಸೆಳೆತವಿರುವುದು ದೇಹದಲ್ಲಿ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಅನುಕರಣೆಯಿಂದಲೇ ಕಲೆ ಬೆಳೆಯಿತೆಂಬ ಮಾತನ್ನು ನಾನು ಅಲ್ಲಗಳೆಯುವುದಿಲ್ಲ. ಬಲ್ಲವರ ಕೃತಿಯನ್ನು ನೋಡಿ ಬರೆಯುವುದು ಕಲಿಕೆಯ ಒಂದು ಮೆಟ್ಟಿಲು. ಆದರೆ ಮೆಟ್ಟಿಲನ್ನೇ ಮನೆಯೆಂದು ತಿಳಿಯಬಾರದು. ಏಕಲವ್ಯನ ಹೆಬ್ಬೆರಳನ್ನೇ ತೆಗೆದುಕೊಳ್ಳೋಣ. ಇಂದಿನ ಒಲಿಂಪಿಕ್ ಬಿಲ್ಲುಗಾರರು ಹೆದೆಯನ್ನು ಮೂರು ಬೆರಳುಗಳಿಂದ ಕೊಕ್ಕೆಯಂತೆ ಹಿಡಿದು ಎಳೆಯುತ್ತಾರೆ. ಅವರ ಹೆಬ್ಬೆರಳಿಗೆ ಅಲ್ಲಿ ಕೆಲಸವಿಲ್ಲ. ತುರ್ಕಿ, ಮಂಗೋಲಿಯ, ಜಪಾನುಗಳ ಸಾಂಪ್ರದಾಯಿಕ ಪದ್ಧತಿಯಲ್ಲಾದರೋ ಹೆದೆಯನ್ನು ಎಳೆಯುವುದೇ ಹೆಬ್ಬೆರಳು. ಹೆಬ್ಬೆರಳನ್ನು ಕಳೆದುಕೊಂಡ ಏಕಲವ್ಯನು ಉಳಿದ ಬೆರಳುಗಳಿಂದ ಬಾಣ ಬಿಟ್ಟನೆಂದೂ ಮೊದಲಿನ ವೇಗ ಅವನಿಗೆ ಉಳಿಯಲಿಲ್ಲವೆಂದೂ ಮಹಾಭಾರತ ಹೇಳುತ್ತದೆ. ಹಾಗಾದರೆ ಗುರುದಕ್ಷಿಣೆಗೆ ಮುಂಚಿನ ಏಕಲವ್ಯನನ್ನು ಬರೆಯುವವನು ಆ ಹೆಬ್ಬೆರಳನ್ನು ಎಲ್ಲಿಡಬೇಕು? ನಕಲು ಮಾಡುವವನಿಗೆ ಈ ಪ್ರಶ್ನೆಯೇ ಹುಟ್ಟುವುದಿಲ್ಲ. ಪ್ರಶ್ನೆ ಹುಟ್ಟಿದವನ ಚಿತ್ರದಲ್ಲಿ ಇಡೀ ಕಥೆಯೇ ಬೆರಳಿನ ತುದಿಯಲ್ಲಿ ಬಂದು ನಿಲ್ಲುತ್ತದೆ.

ಚಿತ್ರಕಲೆಯ ತರಗತಿಯನ್ನು ಬಿಡುವಿನ ವೇಳೆಯೆಂದು ಭಾವಿಸುವವರು ಇಂದಿಗೂ ಇದ್ದಾರೆ. ಆದರೆ ತಾನು ಕಂಡದ್ದನ್ನು ನಂಬುವ ಧೈರ್ಯ, ಎಲ್ಲರೂ ಒಪ್ಪಿದ್ದನ್ನು ಮತ್ತೊಮ್ಮೆ ಪರೀಕ್ಷಿಸುವ ವಿವೇಕ, ಇವುಗಳನ್ನು ಕಲಿಸುವ ತರಗತಿ ಅದಕ್ಕಿಂತ ಬೇರೆ ಯಾವುದಿದೆ? ಆ ಹುಡುಗನಲ್ಲಿ ಇವೆರಡೂ ಇದ್ದವು. ನನ್ನಲ್ಲಿದ್ದುದು ಒಂದು ನಗೆಮಾತು. ಅಂದು ಬೆನ್ನು ತೋರಿಸಿದವನು ಅವನ ಏಕಲವ್ಯನಲ್ಲ, ನಾನು.

ಆದ್ದರಿಂದ ಬಿಲ್ಲುಗಾರನ ಚಿತ್ರವನ್ನು ಬರೆಯಹೊರಟ ವಿದ್ಯಾರ್ಥಿಗಳು ಮೊದಲು ತಾವೇ ಎದ್ದು ನಿಲ್ಲಲಿ. ಎಡಗೈಯನ್ನು ಚಾಚಿ, ಬಲಗೈಯಿಂದ ಕಾಣದ ಹೆದೆಯನ್ನು ಗದ್ದದವರೆಗೆ ಸೆಳೆದು, ಮೈಯಲ್ಲಿ ಎಲ್ಲೆಲ್ಲಿ ಬಿಗಿ ಹುಟ್ಟುತ್ತದೆಯೆಂದು ಗಮನಿಸಲಿ. ಗೆಳೆಯನೊಬ್ಬನನ್ನು ಹಾಗೆಯೇ ನಿಲ್ಲಿಸಿ ಅವನ ಸುತ್ತಲೂ ಬಂದು ನೋಡಲಿ. ಅನಂತರ ಪಾದದಿಂದ ತಲೆಯವರೆಗಿನ ಗೆರೆಯನ್ನೂ ಹೆಗಲಿನ ಗೆರೆಯನ್ನೂ ಹಾಳೆಯ ಮೇಲೆ ಎಳೆಯಲಿ. ಬಿಲ್ಲನ್ನು ಎಲ್ಲಕ್ಕಿಂತ ಕೊನೆಯಲ್ಲಿ ಬರೆದರೆ ಸಾಕು.