ಮಿತಿ ಇಲ್ಲವೆಂದು ಪರೀಕ್ಷೆಯೂ ಬೇಡವೇ?



ಕುಡಿಯುವ ನೀರಿನ ಬಗ್ಗೆ ಜನ ಸಂಶಯ ಎತ್ತಿದಾಗಲೆಲ್ಲ ಇಲಾಖೆಗಳಿಂದ ಬರುವ ಉತ್ತರ ಒಂದೇ: ನೀರು ಭಾರತೀಯ ಮಾನಕ ಬ್ಯೂರೊದ (ಬಿಐಎಸ್) ಮಾನದಂಡದ ಪ್ರಕಾರವೇ ಇದೆ, ಗಾಬರಿ ಬೇಡ. ಆ ಮಾನದಂಡವೆಂದರೆ 2012ರಲ್ಲಿ ಪರಿಷ್ಕರಿಸಿದ ಐಎಸ್ 10500. ಅದರಲ್ಲಿ ಫ್ಲೋರೈಡ್, ನೈಟ್ರೇಟ್, ಆರ್ಸೆನಿಕ್, ಸೀಸ, ಕ್ರೋಮಿಯಂ ಇವೆ. ಡಿಡಿಟಿ, ಎಂಡೋಸಲ್ಫಾನ್‌ನಂಥ ಕೀಟನಾಶಕಗಳಿವೆ, ಪಿಸಿಬಿ ಎಂಬ ಕೈಗಾರಿಕಾ ರಾಸಾಯನಿಕವೂ ಇದೆ. ಆದರೆ ಪಿಎಫ್‌ಎಎಸ್ (ಪರ್ ಮತ್ತು ಪಾಲಿಫ್ಲೋರೊಆಲ್ಕೈಲ್ ವಸ್ತುಗಳು) ಎಂಬ ಸಾವಿರಾರು ಕೈಗಾರಿಕಾ ರಾಸಾಯನಿಕಗಳ ಗುಂಪಿಗೆ ಅಲ್ಲಿ ಜಾಗವಿಲ್ಲ. ಮಾನದಂಡದಲ್ಲಿ ಹೆಸರಿಲ್ಲದ್ದರಿಂದ ಪರೀಕ್ಷೆ ಇಲ್ಲ, ಪರೀಕ್ಷೆ ಇಲ್ಲದ್ದರಿಂದ ಅಂಕಿಅಂಶ ಇಲ್ಲ, ಅಂಕಿಅಂಶ ಇಲ್ಲದ್ದರಿಂದ ಮಾನದಂಡ ತರುವ ತುರ್ತು ಯಾರಿಗೂ ಕಾಣುತ್ತಿಲ್ಲ. ಈ ಸುತ್ತು ಕಡಿಯಬೇಕಾದರೆ ಮೊದಲು ಪರೀಕ್ಷೆ ಶುರುವಾಗಬೇಕು. ದೆಹಲಿಯಿಂದ ಮಿತಿ ನಿಗದಿಯಾಗಿ ಬರಲಿ ಎಂದು ನಮ್ಮ ರಾಜ್ಯ ಕಾಯುತ್ತ ಕೂರಬಾರದು.

ಫ್ಲೋರೈಡ್ ನಮ್ಮ ಬಯಲುಸೀಮೆಗೆ ಹಳೆಯ ಶತ್ರು. ಹೆಸರಿನ ಹೋಲಿಕೆಯಿಂದ ಅದೂ ಪಿಎಫ್‌ಎಎಸ್ ಕೂಡ ಒಂದೇ ಎಂದು ತಿಳಿಯುವ ಸಾಧ್ಯತೆ ಇರುವುದರಿಂದ ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು. ಕೋಲಾರ, ಪಾವಗಡದ ಕಡೆ ಕೊಳವೆಬಾವಿಯಲ್ಲಿ ಬರುವ ಫ್ಲೋರೈಡ್ ಬಂಡೆಯಿಂದ ಕರಗಿ ಬಂದದ್ದು. ಪಿಎಫ್‌ಎಎಸ್ ಕಾರ್ಖಾನೆಯಲ್ಲಿ ಹುಟ್ಟಿದ್ದು. ಇಂಗಾಲದ ಸರಪಣಿಗೆ ಫ್ಲೋರಿನ್ ಪರಮಾಣುಗಳನ್ನು ಜೋಡಿಸಿ ಮಾಡಿದ ಈ ವಸ್ತುಗಳಲ್ಲಿ ಆ ಎರಡರ ಬಂಧ ಎಷ್ಟು ಬಿಗಿಯೆಂದರೆ ಬಿಸಿಲಿಗಾಗಲಿ, ಮಣ್ಣಿನ ಸೂಕ್ಷ್ಮಜೀವಿಗಳಿಗಾಗಲಿ ಅದನ್ನು ಬಿಡಿಸಲು ಆಗುವುದಿಲ್ಲ. ನೀರೂ ಎಣ್ಣೆಯೂ ಅಂಟದ ಗುಣ ಇರುವುದರಿಂದ ನಾನ್‌ಸ್ಟಿಕ್ ಪಾತ್ರೆಯ ಉದ್ಯಮದಲ್ಲಿ, ಮಳೆಗೆ ನೆನೆಯದ ಬಟ್ಟೆಯಲ್ಲಿ, ಜಿಡ್ಡು ಹೀರದ ಪೊಟ್ಟಣದ ಕಾಗದದಲ್ಲಿ, ವಿಮಾನ ನಿಲ್ದಾಣ ಮತ್ತು ತೈಲ ಡಿಪೊಗಳಲ್ಲಿ ಬೆಂಕಿ ನಂದಿಸುವ ನೊರೆಯಲ್ಲಿ ಇವನ್ನು ದಶಕಗಳಿಂದ ಬಳಸಲಾಗಿದೆ. ಈ ಪೈಕಿ ಹೆಚ್ಚು ಅಧ್ಯಯನವಾಗಿರುವ ಪಿಎಫ್‌ಒಎ ಮತ್ತು ಪಿಎಫ್‌ಒಎಸ್ ಒಮ್ಮೆ ಮೈ ಸೇರಿದರೆ ಅರ್ಧದಷ್ಟು ಹೊರಹೋಗಲು ವರ್ಷಗಳೇ ಹಿಡಿಯುತ್ತವೆ. ನೀರು ಕುದಿಸಿದರೆ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಸಾಂದ್ರತೆ ಏರುತ್ತದೆ. ಬಣ್ಣ, ವಾಸನೆ, ರುಚಿ ಯಾವುದರಿಂದಲೂ ಗೊತ್ತಾಗುವುದಿಲ್ಲ.

ಅಪಾಯದ ಬಗ್ಗೆ ಸಾಕ್ಷ್ಯ ಸಾಲದು ಎನ್ನುವ ಕಾಲ ಮುಗಿದಿದೆ. ಅಮೆರಿಕದ ವೆಸ್ಟ್ ವರ್ಜೀನಿಯಾದ ಪಾರ್ಕರ್ಸ್‌ಬರ್ಗ್ ಬಳಿ ಟೆಫ್ಲಾನ್ ತಯಾರಿಸುತ್ತಿದ್ದ ಡ್ಯುಪಾಂಟ್ ಕಾರ್ಖಾನೆಯಿಂದ ಪಿಎಫ್‌ಒಎ ಸುತ್ತಲಿನ ಊರುಗಳ ಕುಡಿಯುವ ನೀರಿಗೆ ಸೇರಿತ್ತು. ಮೊಕದ್ದಮೆಯ ರಾಜಿಯ ಭಾಗವಾಗಿ ಸುಮಾರು 69,000 ಜನರ ರಕ್ತ ಮತ್ತು ಆರೋಗ್ಯದ ವಿವರ ಸಂಗ್ರಹಿಸಲಾಯಿತು. ಅದನ್ನು ಅಧ್ಯಯನ ಮಾಡಿದ ವಿಜ್ಞಾನಿಗಳ ಸಮಿತಿ 2012ರ ವೇಳೆಗೆ ಆರು ತೊಂದರೆಗಳಿಗೂ ಈ ರಾಸಾಯನಿಕಕ್ಕೂ ಸಂಬಂಧವಿರುವ ಸಂಭವವಿದೆ ಎಂದಿತು: ಮೂತ್ರಪಿಂಡದ ಕ್ಯಾನ್ಸರ್, ವೃಷಣದ ಕ್ಯಾನ್ಸರ್, ಥೈರಾಯ್ಡ್ ಕಾಯಿಲೆ, ಅಲ್ಸರೇಟಿವ್ ಕೊಲೈಟಿಸ್ ಎಂಬ ದೊಡ್ಡ ಕರುಳಿನ ಉರಿಯೂತ, ಅಧಿಕ ಕೊಲೆಸ್ಟ್ರಾಲ್, ಗರ್ಭಿಣಿಯರ ರಕ್ತದೊತ್ತಡ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2023ರ ಕೊನೆಯಲ್ಲಿ ಪಿಎಫ್‌ಒಎಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಮೊದಲ ವರ್ಗಕ್ಕೆ ಸೇರಿಸಿತು. ಇಟಲಿಯ ವೆನೆಟೊ ಪ್ರಾಂತ್ಯದಲ್ಲಿ ತ್ರಿಸ್ಸಿನೊ ಎಂಬ ಊರಿನ ಮಿಟೆನಿ ಕಾರ್ಖಾನೆಯಿಂದ ಅಂತರ್ಜಲ ಕೆಟ್ಟಿರುವುದು 2013ರಲ್ಲಿ ಬಯಲಾಯಿತು. ಸುಮಾರು ಮೂರೂವರೆ ಲಕ್ಷ ಜನ ವಾಸಿಸುವ ಪ್ರದೇಶ ಅದು. ಕಾರ್ಖಾನೆ 2018ರಲ್ಲಿ ದಿವಾಳಿ ಎದ್ದಿತು. 2025ರ ಜೂನ್‌ನಲ್ಲಿ ಅಲ್ಲಿನ ನ್ಯಾಯಾಲಯ ಹನ್ನೊಂದು ಮಂದಿಗೆ ಶಿಕ್ಷೆ ವಿಧಿಸಿತು. ಕನ್ನಡದ ಓದುಗರು ತಿಳಿಯಲೇಬೇಕಾದ ಮುಂದಿನ ಕಥೆ ಇದು: ಆ ಕಾರ್ಖಾನೆಯ ಯಂತ್ರಗಳನ್ನು ಭಾರತದ ಕಂಪನಿಯೊಂದು ಕೊಂಡಿತು. ಅವು ಬಂದು ಕುಳಿತದ್ದು ನಮ್ಮ ನೆರೆಯ ಮಹಾರಾಷ್ಟ್ರದಲ್ಲಿ, ಕೊಂಕಣ ಕರಾವಳಿಯ ರತ್ನಾಗಿರಿ ಜಿಲ್ಲೆಯ ಲೋಟೆ ಪರಶುರಾಮ ಕೈಗಾರಿಕಾ ಪ್ರದೇಶದಲ್ಲಿ. ಬೇರೆ ದೇಶಗಳು ಹೊರಗೆ ಹಾಕುತ್ತಿರುವ ಉದ್ಯಮ ನಮ್ಮ ಕಡೆ ನೆಲೆ ಹುಡುಕುತ್ತಿರುವ ಹೊತ್ತಿನಲ್ಲಿ, ಅದರ ಜಾಡು ನೀರಿನಲ್ಲಿ ಇದೆಯೇ ಎಂದು ನೋಡುವ ಏರ್ಪಾಡೇ ನಮ್ಮಲ್ಲಿಲ್ಲ.

ಕರ್ನಾಟಕದಲ್ಲಿ ಎಲ್ಲಿ ನೋಡಬೇಕು ಎಂಬುದು ಕಷ್ಟದ ಪ್ರಶ್ನೆಯಲ್ಲ. ಪೀಣ್ಯದ ಅಂತರ್ಜಲದಲ್ಲಿ ಹೆಕ್ಸಾವೇಲೆಂಟ್ ಕ್ರೋಮಿಯಂ ಸೇರಿರುವುದು ದಾಖಲಾಗಿರುವ ಸಂಗತಿ, ಅದಕ್ಕೆ ಎಲೆಕ್ಟ್ರೊಪ್ಲೇಟಿಂಗ್ ಘಟಕಗಳು ಮುಖ್ಯ ಕಾರಣ. ಕ್ರೋಮ್ ಲೇಪಿಸುವ ತೊಟ್ಟಿಯಿಂದ ಆಮ್ಲದ ಹಬೆ ಏಳದಂತೆ ತಡೆಯಲು ಜಗತ್ತಿನಾದ್ಯಂತ ಬಳಸಿದ ದ್ರಾವಣಗಳಲ್ಲಿ ಪಿಎಫ್‌ಒಎಸ್ ಪ್ರಮುಖವಾದದ್ದು. ಅಂದಮೇಲೆ ಕ್ರೋಮಿಯಂ ಇಳಿದ ದಾರಿಯಲ್ಲಿ ಇನ್ನೇನು ಇಳಿದಿದೆ ಎಂದು ಅಲ್ಲಿನ ಕೊಳವೆಬಾವಿಗಳಲ್ಲಿ ನೋಡುವುದು ಸಹಜ ಕ್ರಮ. ಎರಡನೆಯದು ಇನ್ನೂ ದೊಡ್ಡದು. ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೊಳಚೆ ನೀರನ್ನು ಎರಡು ಹಂತ ಶುದ್ಧೀಕರಿಸಿ 2018ರಿಂದ ಕೋಲಾರದ ಕೆರೆಗಳಿಗೆ ಹರಿಸಲಾಗುತ್ತಿದೆ. ಬತ್ತಿದ ಕೆರೆಗಳು ತುಂಬಿವೆ, ಕೊಳವೆಬಾವಿಗಳಿಗೆ ಜೀವ ಬಂದಿದೆ. ಇದನ್ನು ಅಲ್ಲಗಳೆಯುವ ಮಾತೇ ಇಲ್ಲ, ಯೋಜನೆ ನಿಲ್ಲಿಸಿ ಎಂದೂ ನಾನು ಹೇಳುತ್ತಿಲ್ಲ. ಆದರೆ ಯೋಜನೆಯ ಉದ್ದೇಶವೇ ಅಂತರ್ಜಲ ಮರುಪೂರಣ. ಕೆರೆಗೆ ಬಿಟ್ಟದ್ದು ಇಂದಲ್ಲ ನಾಳೆ ಕುಡಿಯುವ ನೀರಿನ ಕೊಳವೆಬಾವಿಗೆ ಇಳಿಯುತ್ತದೆ. ಎರಡನೇ ಹಂತದ ಶುದ್ಧೀಕರಣ ಸೂಕ್ಷ್ಮಜೀವಿಗಳನ್ನು ನೆಚ್ಚಿಕೊಂಡದ್ದು, ಪಿಎಫ್‌ಎಎಸ್ ಸೂಕ್ಷ್ಮಜೀವಿಗಳಿಗೆ ಬಗ್ಗುವುದಿಲ್ಲ. ಈ ಗುಂಪಿನ ಕೆಲವು ದೊಡ್ಡ ಅಣುಗಳು ಘಟಕದೊಳಗೇ ಭಾಗಶಃ ಒಡೆದು ಪಿಎಫ್‌ಒಎ ಆಗಿ ಹೊರಬೀಳುವುದೂ ಉಂಟು. ಮೂರನೇ ಹಂತ ಬೇಕು ಎಂದು ಆ ಭಾಗದ ಹೋರಾಟಗಾರರು ಕೇಳುತ್ತ ಬಂದಿರುವುದು ನ್ಯಾಯವೇ. ಆದರೆ ಆ ಹಂತ ಬರೀ ಮರಳು ಸೋಸುವಿಕೆ, ಕ್ಲೋರಿನ್‌ಗೆ ನಿಂತರೆ ಈ ವಸ್ತು ಅದನ್ನೂ ದಾಟಿ ಹೋಗುತ್ತದೆ. ಸಕ್ರಿಯ ಇಂಗಾಲ, ಅಯಾನು ವಿನಿಮಯ ಅಥವಾ ಆರ್‌ಒ ಪೊರೆ ಇದ್ದರಷ್ಟೇ ತಡೆಯಬಹುದು. ಯಾವುದು ಬೇಕು, ಬೇಕೇ ಬೇಡವೇ ಎಂಬ ಕೋಟ್ಯಂತರ ರೂಪಾಯಿಯ ತೀರ್ಮಾನಕ್ಕೂ ಪರೀಕ್ಷೆಯ ಅಂಕಿ ಬೇಕು.

‘ಮಿತಿಯೇ ಇಲ್ಲದಿರುವಾಗ ಫಲಿತಾಂಶ ಇಟ್ಟುಕೊಂಡು ಏನು ಮಾಡುವುದು’ ಎಂಬುದು ಅಧಿಕಾರಿಗಳಿಂದ ಬರಬಹುದಾದ ಮೊದಲ ಆಕ್ಷೇಪ. ಅಮೆರಿಕ ನಡೆದ ದಾರಿ ಇದಕ್ಕೆ ಉತ್ತರ. ಅಲ್ಲಿ ಮಿತಿ ಇಲ್ಲದ ವಸ್ತುಗಳನ್ನೇ ಹುಡುಕಿ ಪರೀಕ್ಷಿಸುವ ನಿಯಮವಿದೆ. ಅದರಂತೆ 2013ರಿಂದ 2015ರವರೆಗೆ ಹತ್ತು ಸಾವಿರಕ್ಕಿಂತ ಹೆಚ್ಚು ಜನರಿಗೆ ನೀರು ಕೊಡುವ ಸಂಸ್ಥೆಗಳೆಲ್ಲ ಆರು ಬಗೆಯ ಪಿಎಫ್‌ಎಎಸ್‌ಗಾಗಿ ನೀರು ಪರೀಕ್ಷಿಸಬೇಕಾಯಿತು. ಪಿಎಫ್‌ಒಎ, ಪಿಎಫ್‌ಒಎಸ್‌ಗೆ ಲೀಟರಿಗೆ ತಲಾ 4 ನ್ಯಾನೊಗ್ರಾಂ ಎಂಬ ಮಿತಿ ಬಂದದ್ದು 2024ರ ಏಪ್ರಿಲ್‌ನಲ್ಲಿ. ಪರೀಕ್ಷೆ ಮೊದಲು, ಮಿತಿ ಆಮೇಲೆ. ಯುರೋಪಿನ ಮಿತಿ ಬೇರೆ, ಅಲ್ಲಿ 20 ಬಗೆಗಳನ್ನು ಕೂಡಿಸಿ 100 ನ್ಯಾನೊಗ್ರಾಂ. ಎರಡು ಕಡೆ ಎರಡು ಅಂಕಿ ಇರುವುದರಿಂದ ವಿಜ್ಞಾನವೇ ಇತ್ಯರ್ಥವಾಗಿಲ್ಲ ಎಂದು ವಾದಿಸುವವರಿದ್ದಾರೆ. ಎಷ್ಟು ಕಡಿಮೆ ಇದ್ದರೆ ಸಾಕು ಎಂಬಲ್ಲಿ ಭಿನ್ನಾಭಿಪ್ರಾಯವಿದೆ ನಿಜ, ಅಳೆಯಬೇಕೇ ಎಂಬಲ್ಲಿ ಇಲ್ಲ. ಪ್ರಮಾಣದ ಅಂದಾಜು ಬೇಕಿದ್ದರೆ ಕಾವೇರಿ ಐದನೇ ಹಂತವನ್ನು ತೆಗೆದುಕೊಳ್ಳಿ: ದಿನಕ್ಕೆ 77.5 ಕೋಟಿ ಲೀಟರ್ ಸಾಮರ್ಥ್ಯದ ಆ ನೀರಿಗೆ ಸುಮಾರು 3 ಗ್ರಾಂ ಪಿಎಫ್‌ಒಎ ಬೆರೆತರೆ ಅಮೆರಿಕದ ಮಿತಿ ತಲುಪುತ್ತದೆ.

ಖರ್ಚಿನ ಮಾತು ಹೆಚ್ಚು ಗಟ್ಟಿಯಾದದ್ದು, ಅದನ್ನು ತಳ್ಳಿಹಾಕುವಂತಿಲ್ಲ. ಜಲಜೀವನ್ ಮಿಷನ್‌ನಡಿ ಹಳ್ಳಿಯ ಮಹಿಳೆಯರ ಕೈಗೆ ಕೊಟ್ಟಿರುವ ಕಿಟ್‌ನಲ್ಲಿ ದ್ರಾವಣದ ಹನಿ ಹಾಕಿ ಬಣ್ಣ ಹೋಲಿಸಿದರೆ ಫ್ಲೋರೈಡ್ ತಿಳಿಯುತ್ತದೆ. ಸಣ್ಣ ಬಾಟಲಿಯ ನೀರು ಒಂದೆರಡು ದಿನದಲ್ಲಿ ಕಪ್ಪಾದರೆ ಮಲಿನವಾಗಿದೆ ಎಂದರ್ಥ. ಪಿಎಫ್‌ಎಎಸ್‌ಗೆ ಅಂಥ ಸುಲಭ ದಾರಿ ಇಲ್ಲ. ಎಲ್‌ಸಿ–ಎಂಎಸ್/ಎಂಎಸ್ ಎಂಬ ದುಬಾರಿ ಯಂತ್ರ ಬೇಕು, ನುರಿತ ಕೈ ಬೇಕು. ಮಾದರಿ ಹಿಡಿಯುವ ಬಾಟಲಿಯ ಮುಚ್ಚಳದಲ್ಲಿ ಟೆಫ್ಲಾನ್ ಪದರವಿದ್ದರೆ ಆ ಬಾಟಲಿ ಬಳಸುವಂತಿಲ್ಲ, ನೀರು ಹಿಡಿಯುವವರು ಮಳೆಗೆ ನೆನೆಯದ ಜಾಕೆಟ್ ತೊಟ್ಟಿರಬಾರದು. ಅಷ್ಟರಿಂದಲೇ ಫಲಿತಾಂಶ ಕೆಡಬಹುದು. ಹಾಗೆಂದು ಇದು ನಮ್ಮ ಕೈಮೀರಿದ್ದಲ್ಲ. ಆಹಾರದಲ್ಲಿ ಕೀಟನಾಶಕದ ಉಳಿಕೆ ನೋಡುವ ಪ್ರಯೋಗಾಲಯಗಳಲ್ಲಿ ಇದೇ ಬಗೆಯ ಯಂತ್ರಗಳಿವೆ. ರಾಜ್ಯದ ಪ್ರತಿ ನಲ್ಲಿಯನ್ನೂ ಪರೀಕ್ಷಿಸಿ ಎಂದು ಯಾರೂ ಕೇಳುತ್ತಿಲ್ಲ. ಪ್ಲೇಟಿಂಗ್ ಮತ್ತು ಜವಳಿ ಘಟಕಗಳಿರುವ ಪ್ರದೇಶ, ಅಗ್ನಿಶಾಮಕ ತರಬೇತಿ ನಡೆಯುವ ಮೈದಾನ, ಹಳೆಯ ಕಸದ ಗುಡ್ಡೆ, ಶುದ್ಧೀಕರಿಸಿದ ಕೊಳಚೆ ನೀರು ಪಡೆಯುವ ಕೆರೆ, ಇವುಗಳ ಸುತ್ತಲಿನ ಮೂಲಗಳಿಂದ ಶುರುಮಾಡಿದರೆ ಸಾಕು.

ಮನೆಯಲ್ಲಿ ಆರ್‌ಒ ಇದ್ದರಾಯಿತು ಎನ್ನುವವರಿಗೆ ಒಂದು ಮಾತು. ಆರ್‌ಒ ಪಿಎಫ್‌ಎಎಸ್‌ ಅನ್ನು ಬಹುಮಟ್ಟಿಗೆ ತಡೆಯುತ್ತದೆ, ನಿಜ. ಆದರೆ ಅದು ನಾಶವಾಗುವುದಿಲ್ಲ. ವ್ಯರ್ಥ ನೀರಿನ ಪೈಪಿನಲ್ಲಿ ಇನ್ನಷ್ಟು ಸಾಂದ್ರವಾಗಿ ಚರಂಡಿಗೆ ಹೋಗುತ್ತದೆ. ಹಳ್ಳಿಯ ಶುದ್ಧ ಕುಡಿಯುವ ನೀರಿನ ಘಟಕದ ವ್ಯರ್ಥ ನೀರು ಪಕ್ಕದ ಬಯಲಿಗೆ ಬಿದ್ದು ಮತ್ತೆ ಅದೇ ನೆಲಕ್ಕೆ ಇಂಗುತ್ತದೆ. ಇನ್ನು, ಕಲುಷಿತ ನೀರು ಕುಡಿದು ವಾಂತಿಭೇದಿಯಿಂದ ಜನ ಸಾಯುತ್ತಿರುವಾಗ ಇದೆಂಥ ಚಿಂತೆ ಎಂಬ ಪ್ರಶ್ನೆ ನನ್ನನ್ನೂ ಕಾಡುತ್ತದೆ. ಒಡೆದ ಪೈಪಿನ ದುರಸ್ತಿ, ಕ್ಲೋರಿನ್, ಫ್ಲೋರೈಡ್ ನಿವಾರಣೆ ಮೊದಲು ಆಗಬೇಕು, ಅದಕ್ಕಿಟ್ಟ ಹಣದಲ್ಲಿ ಒಂದು ರೂಪಾಯಿಯನ್ನೂ ಇತ್ತ ತಿರುಗಿಸಬಾರದು. ಆದರೆ ಬ್ಯಾಕ್ಟೀರಿಯಾ ಸೇರಿದ ನೀರನ್ನು ನಾಳೆ ಸರಿಪಡಿಸಬಹುದು. ಪಿಎಫ್‌ಎಎಸ್ ಇಳಿದ ಅಂತರ್ಜಲವನ್ನು ಮೊದಲಿನಂತೆ ಮಾಡಲು ನಮ್ಮ ಮೊಮ್ಮಕ್ಕಳ ಕಾಲಕ್ಕೂ ಆಗದಿರಬಹುದು. ತಡಮಾಡಿದಷ್ಟೂ ಬೆಲೆ ಏರುವ ಮಾಲಿನ್ಯ ಇದು.

ಈ ಬೆಲೆ ಯಾರು ತೆರಬೇಕು ಎಂಬುದಕ್ಕೂ ಪರೀಕ್ಷೆಗೂ ನೇರ ನಂಟಿದೆ. ತಮಿಳುನಾಡಿನ ಚರ್ಮ ಹದಮಾಡುವ ಘಟಕಗಳ ವೆಲ್ಲೂರು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1996ರಲ್ಲೇ ಮುನ್ನೆಚ್ಚರಿಕೆಯ ತತ್ವವನ್ನೂ, ಕೆಡಿಸಿದವರೇ ಖರ್ಚು ಭರಿಸಬೇಕೆಂಬ ತತ್ವವನ್ನೂ ಈ ನೆಲದ ಕಾನೂನು ಎಂದು ಹೇಳಿದೆ. ಅಮೆರಿಕದ ನೀರು ಸರಬರಾಜು ಸಂಸ್ಥೆಗಳಿಗೆ ಈ ರಾಸಾಯನಿಕಗಳನ್ನು ತಯಾರಿಸುತ್ತಿದ್ದ 3ಎಂ ಕಂಪನಿ ಕನಿಷ್ಠ 1,030 ಕೋಟಿ ಡಾಲರ್ ಕೊಡಲು 2023ರಲ್ಲಿ ಒಪ್ಪಿದ್ದು ಆ ಸಂಸ್ಥೆಗಳ ಕೈಯಲ್ಲಿ ಪರೀಕ್ಷೆಯ ಫಲಿತಾಂಶ ಇದ್ದುದರಿಂದ. ಅಳತೆಯೇ ಇಲ್ಲದಿದ್ದರೆ ನಮ್ಮ ಜಲಮಂಡಳಿಯಾಗಲಿ, ಗ್ರಾಮ ಪಂಚಾಯಿತಿಯಾಗಲಿ ಯಾರ ಮುಂದೆ ಯಾವ ಲೆಕ್ಕ ಇಟ್ಟು ಪರಿಹಾರ ಕೇಳಬೇಕು? ಸ್ಟಾಕ್‌ಹೋಮ್ ಒಪ್ಪಂದಕ್ಕೆ ಪಿಎಫ್‌ಒಎಸ್ 2009ರಲ್ಲಿ, ಪಿಎಫ್‌ಒಎ 2019ರಲ್ಲಿ ಸೇರಿದವು. ದೀರ್ಘಕಾಲ ಉಳಿಯುವ ವಿಷಕಾರಿ ರಾಸಾಯನಿಕಗಳನ್ನು ನಿಯಂತ್ರಿಸುವ ಆ ಒಪ್ಪಂದಕ್ಕೆ ಭಾರತವೂ ಸದಸ್ಯ ರಾಷ್ಟ್ರ. ಆದರೂ ಒಪ್ಪಂದದಡಿ ನಿಯಂತ್ರಿಸಲು 2020ರಲ್ಲಿ ಕೇಂದ್ರ ಸಚಿವ ಸಂಪುಟ ಒಪ್ಪಿಗೆ ಕೊಟ್ಟ ಏಳು ರಾಸಾಯನಿಕಗಳಲ್ಲಿ ಇವೆರಡೂ ಇರಲಿಲ್ಲ. ಕೇಂದ್ರ ಮುಂದಾಗದಿದ್ದರೂ ರಾಜ್ಯದ ಕೈಕಟ್ಟಿಲ್ಲ. ನೀರು ರಾಜ್ಯದ ವಿಷಯ.

ಆದ್ದರಿಂದ ಬೆಂಗಳೂರು ಜಲಮಂಡಳಿ, ಗ್ರಾಮೀಣ ಕುಡಿಯುವ ನೀರು ಇಲಾಖೆ ಮತ್ತು ಮಾಲಿನ್ಯ ನಿಯಂತ್ರಣ ಮಂಡಳಿ ಸೇರಿ ಬರುವ ಬೇಸಿಗೆಯಲ್ಲಿ ಒಮ್ಮೆ, ಮಳೆಗಾಲದ ನಂತರ ಒಮ್ಮೆ ಆಯ್ದ ಮೂಲಗಳ ನೀರನ್ನು ಪರೀಕ್ಷಿಸಬೇಕು. ಕೈಗಾರಿಕೆಗಳಿಗೆ ಒಪ್ಪಿಗೆ ಪತ್ರ ನವೀಕರಿಸುವಾಗ ಈ ಗುಂಪಿನ ಯಾವ ವಸ್ತುವನ್ನು ಎಷ್ಟು ಬಳಸುತ್ತಾರೆಂಬ ಘೋಷಣೆ ಪಡೆಯಬೇಕು. ಫಲಿತಾಂಶ ತಿಳಿದರೆ ಜನ ಗಾಬರಿಯಾಗುತ್ತಾರೆ ಎಂದು ಅದನ್ನು ಕಡತದಲ್ಲಿ ಮುಚ್ಚಿಡಬಾರದು. ಗಾಬರಿ ಹುಟ್ಟುವುದು ಅರ್ಧಂಬರ್ಧ ಸುದ್ದಿಯಿಂದ. ಊರಿನ ಹೆಸರು, ಮೂಲ, ಅಂಕಿ ಮತ್ತು ಅದರ ಅರ್ಥ, ಇಷ್ಟನ್ನೂ ಕನ್ನಡದಲ್ಲಿ ಆಯಾ ಗ್ರಾಮ ಪಂಚಾಯಿತಿ ಮತ್ತು ವಾರ್ಡ್ ಕಚೇರಿಯ ಸೂಚನಾ ಫಲಕದಲ್ಲಿ ಹಾಕಬೇಕು.

ಇಂತಿ,
ನಿಮ್ಮ ಓದುಗ,
ಕೋಲಾರ