ಹೆದರುವ ಆಮೆಯನ್ನು ಪಳಗಿಸಬೇಕೇ?

ಮುಂಗಾರು ಮಳೆ ಬಿದ್ದು ಹೊಲಗಳು ಕಡಲೆಕಾಯಿ ಬಿತ್ತನೆಗೆ ಹದವಾಗುವ ದಿನಗಳಲ್ಲಿ ನಮ್ಮ ಹಿಂದೂಪುರ, ಕಲ್ಯಾಣದುರ್ಗದ ಕಡೆ ಬದುಗಳ ಮೇಲೆ, ಕುರುಚಲು ಗುಡ್ಡಗಳ ಅಂಚಿನಲ್ಲಿ ನಕ್ಷತ್ರ ಆಮೆ ಕಣ್ಣಿಗೆ ಬೀಳುವುದುಂಟು. ಕಪ್ಪು ಚಿಪ್ಪಿನ ಮೇಲೆ ಹಳದಿ ಗೆರೆಗಳು ಕಿರಣಗಳಂತೆ ಹರಡಿರುವುದರಿಂದ ಅದಕ್ಕೆ ಈ ಹೆಸರು. ದನ ಮೇಯಿಸಲು ಹೋದ ಮಕ್ಕಳು ಅದನ್ನು ಎತ್ತಿಕೊಂಡು ಮನೆಗೆ ತರುತ್ತಾರೆ. ಆಮೆ ಇದ್ದ ಮನೆಯಲ್ಲಿ ಹಣ ನಿಲ್ಲುತ್ತದೆ ಎಂದು ನಂಬಿ ಇಟ್ಟುಕೊಳ್ಳುವವರೂ ಇದ್ದಾರೆ. ತಂದ ಮೇಲೆ ಒಂದು ದೂರು ಶುರುವಾಗುತ್ತದೆ: "ಹತ್ತಿರ ಹೋದರೆ ಸಾಕು, ತಲೆ ಒಳಗೆ ಎಳೆದುಕೊಳ್ಳುತ್ತದೆ. ಇಟ್ಟಿದ್ದನ್ನು ತಿನ್ನುವುದಿಲ್ಲ. ಇದನ್ನು ರೂಢಿ ಮಾಡಿಕೊಳ್ಳುವುದು ಹೇಗೆ?"

ಪ್ರಶ್ನೆ ಕೇಳುವವರ ಮನಸ್ಸಿನಲ್ಲಿ ಪ್ರೀತಿಯೇ ಇರುತ್ತದೆ. ಆದರೂ ಈ ಅಂಕಣದ ಉತ್ತರ ಬೇರೆ. ನಕ್ಷತ್ರ ಆಮೆ ನಮಗೆ ಒಗ್ಗಬೇಕಾಗಿಲ್ಲ. ಅದು ನಮ್ಮ ಹೊಲದಲ್ಲಿ ಇರುವುದಕ್ಕೆ ನಾವು ಒಗ್ಗಿಕೊಳ್ಳಬೇಕು.

ಮೊದಲು ಅದರ ಹೆದರಿಕೆಯನ್ನು ಅರ್ಥಮಾಡಿಕೊಳ್ಳೋಣ. ಆಮೆಗೆ ಹಲ್ಲಿಲ್ಲ, ಓಡುವ ಶಕ್ತಿಯೂ ಇಲ್ಲ. ನೆಲ ಅದುರಿದರೆ, ಮೇಲಿನಿಂದ ನೆರಳು ಬಿದ್ದರೆ ಅದು ಚಿಪ್ಪಿನೊಳಗೆ ಸೇರುತ್ತದೆ. ನಾಯಿ, ನರಿಗಳಿಂದ ಉಳಿಯಲು ಅದಕ್ಕಿರುವ ದಾರಿ ಇದೊಂದೇ. ಕೈಯಲ್ಲಿ ಎತ್ತಿದ ಕೂಡಲೇ ಅನೇಕ ಆಮೆಗಳು ಹೆದರಿ ಉಚ್ಚೆ ಹೊಯ್ದುಬಿಡುತ್ತವೆ. ನೋಡುವವರಿಗೆ ನಗು ಬರುತ್ತದೆ. ಆದರೆ ಒಣನಾಡಿನ ಆಮೆಗೆ ಅದು ಬೇಸಿಗೆಗೆಂದು ಮೈಯಲ್ಲಿ ಕೂಡಿಟ್ಟ ನೀರು. ವರ್ಷಕ್ಕೆ ಸುಮಾರು 550 ಮಿಲಿಮೀಟರ್ ಮಳೆಯ ಅನಂತಪುರ ಸೀಮೆಯ ರೈತರಿಗೆ ಕೂಡಿಟ್ಟ ನೀರಿನ ಬೆಲೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಹಾಗಾದರೆ ಆಮೆ ಪಳಗುವುದೇ ಇಲ್ಲವೇ? ಸ್ವಲ್ಪಮಟ್ಟಿಗೆ ಪಳಗುತ್ತದೆ. ದಿನವೂ ಅದೇ ಹೊತ್ತಿಗೆ, ಅದೇ ಜಾಗದಲ್ಲಿ ಸೊಪ್ಪು ಇಟ್ಟು ದೂರ ಕುಳಿತರೆ ಕೆಲವು ವಾರಗಳಲ್ಲಿ ತಲೆ ಹೊರಗೆ ಹಾಕಿ ತಿನ್ನುತ್ತದೆ. ಮುಂದೆ ಕಾಲ ಸಪ್ಪಳ ಕೇಳಿದರೆ ಹತ್ತಿರವೂ ಬರಬಹುದು. ಇದು ನಾಯಿ ತೋರಿಸುವಂಥ ಅಕ್ಕರೆಯಲ್ಲ, ಮೇವಿನ ನೆನಪು. ಮನುಷ್ಯರ ಹೆದರಿಕೆ ಕಳೆದುಕೊಂಡ ಆಮೆ ಮನೆಯವರ ಕೈಗೆ ಬರುವಂತೆಯೇ ಕಳ್ಳರ ಕೈಗೂ ಬರುತ್ತದೆ.

ಆ ಕಳ್ಳರು ಕಲ್ಪನೆಯವರಲ್ಲ. ನಕ್ಷತ್ರ ಆಮೆಗೆ ಹೊರದೇಶಗಳಲ್ಲಿ ಸಾಕುವವರಿಂದ ಭಾರಿ ಬೇಡಿಕೆ ಇದೆ. 2015ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ, ಭಾರತದ ಒಂದೇ ವ್ಯಾಪಾರ ಕೇಂದ್ರಕ್ಕೆ ಒಂದು ವರ್ಷದಲ್ಲಿ ಕನಿಷ್ಠ 55,000 ನಕ್ಷತ್ರ ಆಮೆಗಳನ್ನು ಹಿಡಿದು ತರಲಾಗಿತ್ತು. 2016ರ ಡಿಸೆಂಬರಿನಿಂದ 2017ರ ಜನವರಿವರೆಗೆ ಕೇಂದ್ರ ಸರ್ಕಾರದ ವನ್ಯಜೀವಿ ಅಪರಾಧ ನಿಯಂತ್ರಣ ದಳ ದೇಶದಾದ್ಯಂತ ನಡೆಸಿದ ಕಾರ್ಯಾಚರಣೆಯಲ್ಲಿ ಬೇರೆ ಬೇರೆ ಜಾತಿಯ 15,739 ಜೀವಂತ ಆಮೆಗಳು ಸಿಕ್ಕವು. 2019ರಲ್ಲಿ ನಕ್ಷತ್ರ ಆಮೆಯ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಅತ್ಯಂತ ಕಟ್ಟುನಿಟ್ಟಿನ ನಿಷೇಧ ಬಂತು.

ಈ ಸರಪಣಿಯ ಮೊದಲ ಕೊಂಡಿ ಹಳ್ಳಿಯ ಬಡವ. ಕೂಲಿ ಇಲ್ಲದ ದಿನಗಳಲ್ಲಿ ಯಾರೋ ದಲ್ಲಾಳಿ ಬಂದು "ಆಮೆ ಸಿಕ್ಕರೆ ಕೊಡಿ, ದುಡ್ಡು ಕೊಡುತ್ತೇನೆ" ಎನ್ನುತ್ತಾನೆ. ಲಾಭ ಮೇಲಿನವರಿಗೆ, ಜೈಲು ಹಿಡಿದವನಿಗೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಈ ಆಮೆ ಮೊದಲು ನಾಲ್ಕನೆಯ ಪಟ್ಟಿಯಲ್ಲಿತ್ತು. 2022ರ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಮೇಲೆ ಹುಲಿ, ಆನೆಗಳಂತೆ ಒಂದನೆಯ ಪಟ್ಟಿಗೆ ಸೇರಿದೆ. ಅಪರಾಧಕ್ಕೆ 3ರಿಂದ 7 ವರ್ಷ ಸೆರೆವಾಸ, ಕನಿಷ್ಠ 25,000 ರೂಪಾಯಿ ದಂಡ. ಮಾರುವುದಷ್ಟೇ ಅಲ್ಲ, ಮನೆಯಲ್ಲಿ ಸಾಕುವುದೂ ಅಪರಾಧವೇ. "ಮಗು ಆಸೆಪಟ್ಟು ತಂದಿತು" ಎಂಬ ಮಾತು ಕಾನೂನಿನ ಮುಂದೆ ನಿಲ್ಲುವುದು ಕಷ್ಟ.

ಆಮೆಯ ದೃಷ್ಟಿಯಿಂದಲೂ ಮನೆ ಒಳ್ಳೆಯ ಜಾಗವಲ್ಲ. ಆಮೆ ಎಂದರೆ ನೀರಿನ ಪ್ರಾಣಿ ಎಂದು ತಿಳಿದು ಕೆಲವರು ಇದನ್ನು ತೊಟ್ಟಿಗೆ, ಬಾವಿಗೆ ಬಿಡುತ್ತಾರೆ. ನಕ್ಷತ್ರ ಆಮೆ ನೆಲದ ಪ್ರಾಣಿ. ಆಳದ ನೀರಿನಲ್ಲಿ ಮುಳುಗಿ ಸಾಯುತ್ತದೆ. ಹುಲ್ಲು, ಸೊಪ್ಪು, ಹೂವು, ಉದುರಿದ ಹಣ್ಣು, ಪಾಪಾಸುಕಳ್ಳಿ ತಿಂದು ಬದುಕುವ ಜೀವಕ್ಕೆ ಅನ್ನ, ಬ್ರೆಡ್ಡು, ಹಾಲು ಇಟ್ಟರೆ ಹೊಟ್ಟೆ ಕೆಡುತ್ತದೆ. ನಾರು, ಸುಣ್ಣದ ಅಂಶ, ಬಿಸಿಲು ಸಾಲದೆ ಹೋದರೆ ಚಿಪ್ಪು ಮೆತ್ತಗಾಗಿ ಸೊಟ್ಟಗಾಗುತ್ತದೆ. "ಏನೂ ತಿನ್ನುತ್ತಿಲ್ಲ" ಎಂದು ನಾವು ಹೇಳುವ ಆಮೆ ಬಹುಮಟ್ಟಿಗೆ ಹೆದರಿಕೆಯಿಂದಲೋ ಕಾಯಿಲೆಯಿಂದಲೋ ತಿನ್ನುತ್ತಿರುವುದಿಲ್ಲ.

ಮಕ್ಕಳ ಆರೋಗ್ಯದ ಮಾತೂ ಇದೆ. ಆರೋಗ್ಯವಾಗಿ ಕಾಣುವ ಆಮೆಯ ಮೈಮೇಲೂ ಹಿಕ್ಕೆಯಲ್ಲೂ ಸಾಲ್ಮೊನೆಲ್ಲಾ ಎಂಬ ರೋಗಾಣು ಇರಬಹುದು. ಅದು ಬಾಯಿಗೆ ಸೇರಿದರೆ ಭೇದಿ, ಜ್ವರ, ಹೊಟ್ಟೆನೋವು. ಐದು ವರ್ಷದೊಳಗಿನ ಮಕ್ಕಳಿಗೆ, ವಯಸ್ಸಾದವರಿಗೆ ಅಪಾಯ ಹೆಚ್ಚು. ಇದೇ ಕಾರಣಕ್ಕೆ ಅಮೆರಿಕದಲ್ಲಿ ನಾಲ್ಕು ಅಂಗುಲಕ್ಕಿಂತ ಚಿಕ್ಕ ಚಿಪ್ಪಿನ ಆಮೆಗಳನ್ನು ಸಾಕುವುದಕ್ಕೆ ಮಾರಬಾರದೆಂದು 1975ರಲ್ಲೇ ನಿಷೇಧ ಹಾಕಿದರು. ಆಮೆಯನ್ನು ಮುಟ್ಟಿದ ಕೈಯನ್ನು ಸೋಪು ಹಚ್ಚಿ ತೊಳೆಯದೆ ಊಟಕ್ಕೆ ಕೂರಬಾರದು.

ಪೇಟೆಯ ಅಂಗಡಿಗಳಲ್ಲಿ ಗಾಜಿನ ತೊಟ್ಟಿಯಲ್ಲಿಟ್ಟು ಮಾರುವ ಕೆಂಪುಕಿವಿಯ ಆಮೆಯ ಮಾತು ಬೇರೆ. ಅದು ಅಮೆರಿಕ ಮೂಲದ ನೀರಿನ ಆಮೆ. ಅಂಥದು ಮನೆಯಲ್ಲಿ ಈಗಾಗಲೇ ಇದ್ದರೆ ಪದೇ ಪದೇ ಎತ್ತಬೇಡಿ. ಮೇಲಿನಿಂದ ಕೈ ಹಾಕದೆ ಪಕ್ಕದಿಂದ ಮೆಲ್ಲಗೆ ಹೋಗಿ. ಅಡಗಲು ಒಂದು ಮರೆ, ಬಿಸಿಲು ಕಾಯಲು ಒಂದು ಒಣ ಕಲ್ಲು ಇಡಿ. ತೊಟ್ಟಿಯನ್ನು ಅಡಿಗೆಮನೆಯಲ್ಲಿ ತೊಳೆಯಬೇಡಿ. ಇಷ್ಟಾದರೆ ತಾನಾಗಿಯೇ ಧೈರ್ಯ ತಂದುಕೊಳ್ಳುತ್ತದೆ. ದೊಡ್ಡದಾಯಿತೆಂದು ಊರ ಕೆರೆಗೆ ಮಾತ್ರ ಬಿಡಬೇಡಿ. ಅಲ್ಲಿನ ನಮ್ಮ ಆಮೆಗಳ ಮೇವನ್ನೂ ಜಾಗವನ್ನೂ ಅದು ಕಿತ್ತುಕೊಳ್ಳುತ್ತದೆ.

ನಕ್ಷತ್ರ ಆಮೆಯ ವಿಷಯದಲ್ಲಿ ಮಾಡಬೇಕಾದದ್ದು ಇಷ್ಟು. ಮಕ್ಕಳು ಇವತ್ತು ತಂದಿದ್ದರೆ, ಇವತ್ತೇ ಅದೇ ಪೊದೆಯ ಹತ್ತಿರ ಬಿಟ್ಟು ಬನ್ನಿ. ಬಹಳ ದಿನದಿಂದ ಮನೆಯಲ್ಲಿದ್ದರೆ ಗುಡ್ಡಕ್ಕೆ ಬಿಡಬೇಡಿ. ಮನೆಯಲ್ಲಿ ಅಂಟಿದ ರೋಗ ಕಾಡಿನ ಆಮೆಗಳಿಗೆ ಹರಡಬಹುದು. ಊರಿನ ಹಿರಿಯರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ ಹತ್ತಿರದ ಅರಣ್ಯ ಇಲಾಖೆಯ ಕಚೇರಿಗೆ ಒಪ್ಪಿಸಿ. 2018ರಲ್ಲಿ ಸಿಂಗಪುರದಲ್ಲಿ ವಶಪಡಿಸಿಕೊಂಡಿದ್ದ 51 ನಕ್ಷತ್ರ ಆಮೆಗಳನ್ನು ವಿಮಾನದಲ್ಲಿ ಬೆಂಗಳೂರಿಗೆ ಕಳಿಸಿದರು. ತವರಿಗೆ ಬಂದರೂ ಅವನ್ನು ನೇರವಾಗಿ ಕಾಡಿಗೆ ಬಿಡಲಿಲ್ಲ. ಮೊದಲು ಪ್ರತ್ಯೇಕವಾಗಿಟ್ಟು ನೋಡಿಕೊಳ್ಳಬೇಕಾಯಿತು. ಎತ್ತಿಕೊಳ್ಳುವುದು ಒಂದು ನಿಮಿಷದ ಕೆಲಸ, ಹಿಂದಕ್ಕೆ ಸೇರಿಸುವುದು ಅಷ್ಟು ಸುಲಭವಲ್ಲ.

ಇಲಾಖೆಯವರಿಗೂ ಒಂದು ಮಾತು. ತಾವಾಗಿಯೇ ತಂದೊಪ್ಪಿಸುವ ಬಡವರನ್ನು ಕಳ್ಳರಂತೆ ಕಂಡರೆ ಮುಂದೆ ಯಾರೂ ಬಾಗಿಲಿಗೆ ಬರುವುದಿಲ್ಲ. ಭಯದಿಂದ ರಾತ್ರಿ ಎಲ್ಲೋ ಎಸೆದು ಬರುತ್ತಾರೆ. ಒಪ್ಪಿಸುವ ಕ್ರಮ ಏನೆಂದು ಹಳ್ಳಿಹಳ್ಳಿಯಲ್ಲಿ ತೆಲುಗು, ಕನ್ನಡ ಎರಡರಲ್ಲೂ ಸಾರಿ ಹೇಳಲಿ.

ಇನ್ನು ಹೊಲದ ಕೆಲಸ. ಬದುವಿನ ಒಣಹುಲ್ಲಿಗೆ ಬೆಂಕಿ ಹಾಕಬೇಡಿ. ಬೇಸಿಗೆಯಲ್ಲಿ ಆಮೆ ಅಡಗುವುದು ಅದರ ಅಡಿಯಲ್ಲೇ. ಮಳೆಗಾಲದ ಬೆಳಿಗ್ಗೆ, ಸಂಜೆ ಅದು ಹೆಚ್ಚಾಗಿ ಓಡಾಡುತ್ತದೆ. ಟ್ರ್ಯಾಕ್ಟರ್ ಇಳಿಸುವ ಮೊದಲು ಬದುವಿನ ಅಂಚನ್ನು ಒಮ್ಮೆ ನೋಡಿ. ಕಳೆನಾಶಕ ಹೊಡೆಯುವಾಗ ಬದುವನ್ನು ಬಿಟ್ಟು ಹೊಡೆಯಿರಿ. ನಾಲ್ಕು ಕಳ್ಳಿ, ಒಂದು ಮುಳ್ಳಿನ ಪೊದೆ ಉಳಿಸಿದರೆ ನಮಗೇನೂ ನಷ್ಟವಿಲ್ಲ.

ಮಕ್ಕಳಿಗೆ ಆಮೆ ತೋರಿಸಬೇಕೆಂದರೆ ಹೊಲಕ್ಕೆ ಕರೆದುಕೊಂಡು ಹೋಗಿ, ಹತ್ತು ಮಾರು ದೂರದಲ್ಲಿ ಸದ್ದಿಲ್ಲದೆ ಕೂರಿಸಿ. ಸ್ವಲ್ಪ ಹೊತ್ತಿಗೆ ತಲೆ ಹೊರಗೆ ಬರುತ್ತದೆ, ಹುಲ್ಲು ಮೇಯುತ್ತದೆ, ತನ್ನ ದಾರಿ ಹಿಡಿಯುತ್ತದೆ. ಮುಟ್ಟದೆಯೂ ಪ್ರೀತಿಸಬಹುದು ಎಂಬುದನ್ನು ಮಕ್ಕಳು ಅಲ್ಲಿ ಕಲಿಯಲಿ.