ಪಿಟೀಲಿನ ಮಾಂತ್ರಿಕನಿಗೆ ಅಂಟಿದ ಪಿಶಾಚಿಯ ಕಥೆ



ಅಕ್ಕಿ ಆರಿಸುವಾಗ ಒಂದು ಸಂಗತಿ ಗಮನಿಸಿದ್ದೀರಾ? ಕಪ್ಪು ಕಲ್ಲು ಥಟ್ಟನೆ ಕಣ್ಣಿಗೆ ಬೀಳುತ್ತದೆ, ತೆಗೆದು ಎಸೆಯುತ್ತೇವೆ. ಅಕ್ಕಿಯ ಬಣ್ಣದ್ದೇ ಬಿಳೀ ಕಲ್ಲು ಇದೆಯಲ್ಲ, ಅದು ಸಿಗುವುದು ಊಟಕ್ಕೆ ಕೂತಾಗ, ಹಲ್ಲಿಗೇ! ಸುಳ್ಳಿನ ಹಣೆಬರಹವೂ ಹಾಗೇ. ಪೂರಾ ಸುಳ್ಳನ್ನು ಯಾರೂ ನಂಬುವುದಿಲ್ಲ. ನಿಜದ ಜೊತೆ ಬೆರೆತು ಬಂದ ಸುಳ್ಳೇ ಅಪಾಯ.

ಈ ಮಾತು ಯಾಕೆ ಬಂತೆಂದರೆ, ನಮ್ಮ ಓದುಗ ಸೋದರಿಯೊಬ್ಬರು ಬರೆದ ಪತ್ರ ಎದುರಿಗಿದೆ. "ಅಕ್ಕಾ, ನನ್ನ ಮಗಳಿಗೆ ಹನ್ನೆರಡು ವರ್ಷ. ಎರಡು ವರ್ಷದಿಂದ ಪಿಟೀಲು ಕಲೀತಾ ಇದಾಳೆ. ಮೊನ್ನೆ ಅರಿಶಿನ ಕುಂಕುಮಕ್ಕೆ ಬಂದವರೊಬ್ಬರು, ಇಟಲಿಯಲ್ಲಿ ಒಬ್ಬ ಮಹಾ ಪಿಟೀಲುವಾದಕ ಇದ್ದನಂತೆ, ಸೈತಾನನಿಗೆ ಆತ್ಮ ಮಾರಿಕೊಂಡು ವಿದ್ಯೆ ಸಂಪಾದಿಸಿದನಂತೆ, ಒಬ್ಬ ಹೆಂಗಸನ್ನು ಕೊಂದು ಅವಳ ಕರುಳಿನಿಂದ ತಂತಿ ಮಾಡಿಕೊಂಡಿದ್ದನಂತೆ, ಸತ್ತಾಗ ಮಣ್ಣು ಕೂಡ ಸಿಗಲಿಲ್ಲವಂತೆ ಅಂತ ಹೇಳಿದರು. ಅವತ್ತಿನಿಂದ ನಮ್ಮ ಅತ್ತೆಯವರಿಗೆ ಆ ಪೆಟ್ಟಿಗೆ ಮನೆಯಲ್ಲಿರೋದೇ ಸರಿಬರ್ತಾ ಇಲ್ಲ. ಮಗಳೂ ಹೆದರಿ ಮೂರು ವಾರದಿಂದ ಅದನ್ನು ಮುಟ್ಟಿಲ್ಲ. ಇದೆಲ್ಲ ನಿಜವೇ?"

ಮೊದಲಿಗೆ ನನ್ನದೇ ತಪ್ಪೊಪ್ಪಿಗೆ. ಹಿಂದೊಂದು ಸಲ ಕರೆಂಟು ಹೋದ ರಾತ್ರಿ, ಓರಗಿತ್ತಿಯ ಮಕ್ಕಳನ್ನೆಲ್ಲ ಸುತ್ತ ಕೂರಿಸಿಕೊಂಡು ಇದೇ ಕಥೆಯನ್ನು ನಾನೂ ಹೇಳಿದ್ದೇನೆ. ಉಪ್ಪು ಖಾರ ಧಾರಾಳವಾಗಿ ಸೇರಿಸಿಯೇ ಹೇಳಿದ್ದೆ. ಆಮೇಲೆ ಆತನ ಬಗ್ಗೆ ಓದಿದಾಗ ನಾಚಿಕೆಯಾಯಿತು. ಈ ಪತ್ರ ಬಂದದ್ದು ಒಳ್ಳೆಯದೇ ಆಯಿತು, ಅಂದು ಹೇಳಿದ್ದನ್ನು ಇಂದು ತಿದ್ದಿಕೊಳ್ಳುತ್ತೇನೆ. ಮೊರ ತೆಗೆದುಕೊಂಡು ಕೂರೋಣ ಬನ್ನಿ.

ಆತನ ಹೆಸರು ನಿಕೊಲೊ ಪಗನಿನಿ. ಹುಟ್ಟಿದ್ದು 1782ರ ಅಕ್ಟೋಬರ್ 27ರಂದು, ಇಟಲಿಯ ಬಂದರು ಪಟ್ಟಣ ಜಿನೋವಾದಲ್ಲಿ. ಸಾಧಾರಣ ಸಂಸಾರ. ತಾಯಿ ತೆರೇಸಾ ದೈವಭಕ್ತೆ. ತಂದೆ ಅಂತೋನಿಯೊಗೆ ಸಂಗೀತದ ಹುಚ್ಚು. ಮಗನಿಗೆ ಮೊದಲು ಮ್ಯಾಂಡೊಲಿನ್ ಕಲಿಸಿದ, ಏಳನೆಯ ವಯಸ್ಸಿಗೆ ಪಿಟೀಲು ಕೈಗಿತ್ತ. ಕಲಿಸಿದ ರೀತಿ ಮಾತ್ರ ಕಟುಕನದು. ಬೆಳಗಿನಿಂದ ರಾತ್ರಿಯವರೆಗೆ ಅಭ್ಯಾಸ, ಸರಿಯಾಗಿ ನುಡಿಸದಿದ್ದರೆ ಊಟವಿಲ್ಲ. ಇದನ್ನು ಪಗನಿನಿಯೇ ಮುಂದೆ ಹೇಳಿಕೊಂಡಿದ್ದಾನೆ. ಹದಿಮೂರರ ಹೊತ್ತಿಗೆ ಪಾರ್ಮಾ ಪಟ್ಟಣದ ದೊಡ್ಡ ಗುರುಗಳ ಬಳಿ ಕಲಿಯಲು ಹೊರಟಿದ್ದ. ಈಗ ಹೇಳಿ, ಎಳೆಯ ಬೆರಳುಗಳು ಹಸಿವಿನಲ್ಲಿ ತಂತಿಯ ಮೇಲೆ ಓಡಾಡಿ ಸಂಪಾದಿಸಿದ ವಿದ್ಯೆಯನ್ನು ಸೈತಾನನ ಲೆಕ್ಕಕ್ಕೆ ಬರೆದರೆ ನ್ಯಾಯವೇ?

ಹಾಗಾದರೆ ಸೈತಾನ ಎಲ್ಲಿಂದ ಬಂದ? 1828ರಲ್ಲಿ ಪಗನಿನಿ ಮೊದಲ ಸಲ ಇಟಲಿಯಿಂದಾಚೆ, ವಿಯೆನ್ನಾ ನಗರಕ್ಕೆ ಹೋಗಿ ಕಚೇರಿ ಮಾಡಿದ. ಊರಿಗೆ ಊರೇ ಮರುಳಾಯಿತು. ಆತ ಅಲ್ಲಿ 'ಮಾಟಗಾತಿಯರು' ಎಂಬ ತನ್ನ ರಚನೆ ನುಡಿಸುವಾಗ ಕೇಳುಗನೊಬ್ಬ, "ಇದರಲ್ಲಿ ಆಶ್ಚರ್ಯವೇನು ಬಂತು? ಕೆಂಪು ಬಟ್ಟೆ ತೊಟ್ಟ ಸೈತಾನ ಪಕ್ಕದಲ್ಲೇ ನಿಂತು ಕೈ ಆಡಿಸುತ್ತಿದ್ದುದನ್ನು ನಾನು ಕಣ್ಣಾರೆ ಕಂಡೆ" ಎಂದುಬಿಟ್ಟನಂತೆ. ಆ ರಚನೆಗೆ ಅಂಥ ಹೆಸರು ಬಂದದ್ದು ಒಂದು ನೃತ್ಯನಾಟಕದಿಂದ. ಅದರಲ್ಲಿ ಬಂದ ಮಾಟಗಾತಿಯರ ರಾಗವೊಂದನ್ನು ಹಿಡಿದು 1813ರಲ್ಲಿ ಪಗನಿನಿ ಅದನ್ನು ಹೆಣೆದಿದ್ದ. ಹೆಸರು ಕೇಳಿದವರಿಗೆ ಅಷ್ಟೇ ಸಾಕಾಯಿತು.

ಆತನ ರೂಪವೂ ಮಾತಿಗೆ ಕುಮ್ಮಕ್ಕು ಕೊಟ್ಟಿತೆನ್ನಿ. ಕಡ್ಡಿಯಂಥ ಮೈ, ಬಿಳಿಚಿದ ಮುಖ, ಹೆಗಲ ಮೇಲೆ ಇಳಿಬಿದ್ದ ಕಪ್ಪು ಕೂದಲು, ಮೈಮೇಲೆ ಕಪ್ಪು ಬಟ್ಟೆ. ಆದರೆ ಆ ಮುಖದ ಹಿಂದೆ ಇದ್ದದ್ದು ಪಿಶಾಚಿಯಲ್ಲ, ಕಾಯಿಲೆ. ಲೈಂಗಿಕ ರೋಗವೆಂದು ವೈದ್ಯರು ಆತನಿಗೆ ಪಾದರಸದ ಔಷಧಿ ಕೊಟ್ಟರು. ಆ ಕಾಲದ ಚಿಕಿತ್ಸೆಯೇ ಅದು, ರೋಗಕ್ಕಿಂತ ಮದ್ದೇ ಘೋರ. 1828ರಲ್ಲೇ ಪ್ರಾಗ್ ನಗರದಲ್ಲಿ ದವಡೆಗೆ ಶಸ್ತ್ರಚಿಕಿತ್ಸೆಯಾಗಿ ಹಲ್ಲುಗಳು ಹೋದವು, ಕೆನ್ನೆ ಒಳಗೆ ಕುಸಿಯಿತು. ನಮ್ಮಲ್ಲಿ ಯಾರಾದರೂ ಹಲ್ಲು ಕೀಳಿಸಿಕೊಂಡು ಬಂದರೆ ಗಂಜಿ ಮಾಡಿ ಕೊಡುತ್ತೇವೆ. ಆತನಿಗೆ ಸಿಕ್ಕಿದ್ದು 'ಪಿಶಾಚಿಮುಖ'ದವನೆಂಬ ಬಿರುದು!

ಬೆರಳುಗಳ ಮಾತೂ ಅಷ್ಟೇ. ಆತನನ್ನು ಬಲ್ಲ ಬೆನ್ನಾಟಿ ಎಂಬ ವೈದ್ಯ 1831ರಲ್ಲೇ ಬರೆದಿಟ್ಟಿದ್ದಾನೆ: ಕೈ ಏನೂ ಭಾರೀ ದೊಡ್ಡದಲ್ಲ, ಕೀಲುಗಳು ಮಾತ್ರ ಅಸಾಧಾರಣವಾಗಿ ಬಾಗುತ್ತವೆ ಎಂದು. ಹುಟ್ಟಿನಿಂದಲೇ ಕೀಲುಗಳು ಸಡಿಲವಾಗಿರುವ ಕೆಲವು ದೇಹಸ್ಥಿತಿಗಳುಂಟು, ಅದೇ ಆತನಿಗೂ ಇದ್ದಿರಬಹುದೆಂದು ನಮ್ಮ ಕಾಲದ ಕೆಲವು ವೈದ್ಯರು ಊಹಿಸಿದ್ದಾರೆ. ಊಹೆ ಊಹೆಯೇ, ಆದರೆ ಸೈತಾನನಿಗಿಂತ ನಂಬಲು ಯೋಗ್ಯವಾದದ್ದು.

ಇನ್ನು ಕರುಳಿನ ತಂತಿ. ಇದೇ ಆ ಬಿಳೀ ಕಲ್ಲು! ಆ ಕಾಲದಲ್ಲಿ ಪಿಟೀಲಿನ ತಂತಿಯನ್ನು ಕರುಳಿನಿಂದ ಮಾಡುತ್ತಿದ್ದುದು ನಿಜ. ಆದರೆ ಅದು ಕುರಿಯ ಕರುಳು. ಯೂರೋಪಿನ ಎಲ್ಲ ಪಿಟೀಲುಗಾರರೂ ಅದನ್ನೇ ಕಟ್ಟುತ್ತಿದ್ದರು. 'ಕರುಳು' ಎಂಬ ಒಂದು ನಿಜದ ಮಾತು ಸಿಕ್ಕಿತು, ಅದಕ್ಕೆ ಇಲ್ಲದ ಹೆಂಗಸೊಬ್ಬಳನ್ನು ಅಂಟಿಸಿದರು. ಈಗ ನಿಮ್ಮ ಮಗಳ ಪಿಟೀಲಿಗಿರುವುದು ಹೆಚ್ಚಾಗಿ ಉಕ್ಕಿನ ತಂತಿಯೇ. ಅತ್ತೆಯವರಿಗೆ ಇದನ್ನು ಮೊದಲು ಹೇಳಿ.

ಕೊಲೆ ಮಾಡಿ ವರ್ಷಗಟ್ಟಲೆ ಸೆರೆಯಲ್ಲಿದ್ದ, ಅಲ್ಲಿ ತಂತಿಗಳೆಲ್ಲ ಕಿತ್ತುಹೋಗಿ ಒಂದೇ ಉಳಿಯಿತು, ಅದಕ್ಕೇ ಒಂದು ತಂತಿಯಲ್ಲಿ ನುಡಿಸುವುದನ್ನು ಕಲಿತ ಎಂಬುದು ಇನ್ನೊಂದು ಕಂತೆ. 1831ರಲ್ಲಿ ಪ್ಯಾರಿಸ್‌ಗೆ ಹೋದಾಗ, ತಾನು ಸೆರೆಮನೆಯಲ್ಲಿ ಕೂತಂತೆ ಬರೆದ ಚಿತ್ರವೇ ಅಂಗಡಿಯಲ್ಲಿ ಮಾರಾಟಕ್ಕಿರುವುದನ್ನು ಆತ ಕಂಡ. ಆಗ ಒಂದು ಸಂಗೀತ ಪತ್ರಿಕೆಗೆ ದೀರ್ಘವಾದ ಪತ್ರ ಬರೆದ. ಆತನ ವಾದ ಎಷ್ಟು ಸರಳ ನೋಡಿ. ಚಿಕ್ಕಂದಿನಿಂದ ನಾನು ಜನರ ಕಣ್ಣೆದುರಿಗೇ ಇದ್ದೇನೆ, ಕಚೇರಿ ಮಾಡುತ್ತಲೇ ಬಂದಿದ್ದೇನೆ. ಎಂಟು ವರ್ಷ ಸೆರೆಯಲ್ಲಿದ್ದದ್ದು ನಿಜವಾದರೆ ಅದು ನಾನು ಜನರ ಕಣ್ಣಿಗೆ ಬೀಳುವುದಕ್ಕೆ ಮುಂಚೆಯೇ ಆಗಿರಬೇಕು. ಅಂದರೆ ನಾನು ಏಳನೇ ವಯಸ್ಸಿಗೇ ಪ್ರೇಯಸಿಯನ್ನು ಇಟ್ಟುಕೊಂಡು ಅವಳನ್ನು ಕೊಂದಿರಬೇಕಾಯಿತು! ಸೆರೆಗೆ ಹೋಗಿದ್ದ ಬೇರೊಬ್ಬ ಪಿಟೀಲುಗಾರನ ಕಥೆ ತನ್ನ ತಲೆಗೆ ಸುತ್ತಿಕೊಂಡಿದೆ ಎಂದೂ ಬರೆದ.

ಒಂದೇ ತಂತಿಯ ಕಥೆ ನಡೆದದ್ದು ಸೆರೆಮನೆಯಲ್ಲಲ್ಲ, ಲುಕ್ಕಾ ಎಂಬಲ್ಲಿಯ ಅರಮನೆಯಲ್ಲಿ. ಅಲ್ಲಿ ನೆಪೋಲಿಯನ್ನನ ತಂಗಿ ಎಲಿಸಾ ಆಳುತ್ತಿದ್ದಳು. ಪಗನಿನಿ ಗಂಡು ಹೆಣ್ಣಿನ ಸಂಭಾಷಣೆಯಂತೆ ಎರಡೇ ತಂತಿಯಲ್ಲಿ ಒಂದು ರಚನೆ ನುಡಿಸಿದಾಗ, "ಎರಡರಲ್ಲಾಯಿತು, ಒಂದರಲ್ಲಿ ಆಗದೇ?" ಎಂದು ಆಕೆ ಕೇಳಿದಳಂತೆ. ಆತ ನೆಪೋಲಿಯನ್ನನ ಹೆಸರಿನಲ್ಲಿ, ಅತ್ಯಂತ ದಪ್ಪನೆಯ ಮಂದ್ರದ ತಂತಿಯೊಂದರಲ್ಲೇ ನುಡಿಸುವ ರಚನೆ ಮಾಡಿದ. ಹೆಣ್ಣೊಬ್ಬಳು ಹಾಕಿದ ಸವಾಲನ್ನು ಗೆದ್ದ ಕಥೆ, ಊರವರ ಬಾಯಲ್ಲಿ ಹೆಣ್ಣೊಬ್ಬಳನ್ನು ಕೊಂದ ಕಥೆಯಾಯಿತು.

ಹಾಗೆಂದು ಆತ ದೇವರಂಥ ಮನುಷ್ಯನೇ? ಅಲ್ಲ. ಕಲ್ಲನ್ನಷ್ಟೇ ಅಲ್ಲ, ಹುಳು ಹಿಡಿದ ಕಾಳನ್ನೂ ತೋರಿಸಬೇಕಾದದ್ದು ನ್ಯಾಯ. ಪ್ರಾಯದಲ್ಲಿ ಜೂಜಿನ ಚಟವಿತ್ತು. ಹಣದ ಲೆಕ್ಕದಲ್ಲಿ ಬಲು ಬಿಗಿ. 1831ರಲ್ಲಿ ಲಂಡನ್ನಿನಲ್ಲಿ ಟಿಕೆಟ್ಟಿನ ದರ ದುಪ್ಪಟ್ಟು ಮಾಡಲು ಹೋಗಿ, ಪತ್ರಿಕೆಗಳೆಲ್ಲ ಕೂಗೆಬ್ಬಿಸಿದ ಮೇಲೆ ಇಳಿಸಿದ. ಇವೆಲ್ಲಕ್ಕಿಂತ ನನ್ನ ಮನಸ್ಸಿಗೆ ಚುಚ್ಚಿದ್ದು 1815ರ ಸಂಗತಿ. ಜಿನೋವಾದ ಒಬ್ಬ ದರ್ಜಿಯ ಮಗಳನ್ನು, ಆಂಜಿಯೋಲಿನಾ ಎಂದು ಹೆಸರು, ಪಗನಿನಿ ಮನೆಯಿಂದ ಕರೆದುಕೊಂಡು ಹೋದ. ಆಕೆ ಬಸುರಿಯಾದಳು, ಮದುವೆಯಾಗಲಿಲ್ಲ. ತಂದೆ ದೂರು ಕೊಟ್ಟ, ಪಗನಿನಿ ಕೆಲವು ದಿನ ಸೆರೆಮನೆಯಲ್ಲಿದ್ದ, ಕೊನೆಗೆ ಹಣ ತೆರಬೇಕಾಯಿತು. ಮಗು ಉಳಿಯಲಿಲ್ಲ.

ಇಲ್ಲೇ ಸ್ವಲ್ಪ ನಿಲ್ಲಿ ಸೋದರಿಯರೇ. ಹುಟ್ಟೇ ಇಲ್ಲದ ಒಬ್ಬ ಹೆಂಗಸಿನ ಕರುಳಿಗಾಗಿ ಯೂರೋಪೆಲ್ಲ ನಡುಗಿತು, ಮರುಗಿತು. ನಿಜವಾಗಿ ಅನ್ಯಾಯವಾದ ದರ್ಜಿಯ ಮಗಳನ್ನು ಕೇಳಿದವರು ಎಷ್ಟು ಜನ? ಅಪವಾದದ ಕೆಡುಕು ಇದೇ ನೋಡಿ. ಮಾಡದ ಪಾಪವನ್ನು ಒಬ್ಬನ ತಲೆಗೆ ಕಟ್ಟುತ್ತದೆ, ಮಾಡಿದ ತಪ್ಪನ್ನು ಮರೆಸಿಬಿಡುತ್ತದೆ. ಎರಡು ಕಡೆಯೂ ನಷ್ಟವೇ.

ಅದೇ ಮನುಷ್ಯ ತಂದೆಯಾಗಿ ಬೇರೆಯೇ ಆಗಿದ್ದ. ಗಾಯಕಿ ಅಂತೋನಿಯಾ ಬಿಯಾಂಕಿಯಿಂದ 1825ರಲ್ಲಿ ಅಕಿಲೆ ಎಂಬ ಗಂಡುಮಗು ಹುಟ್ಟಿತು. 1828ರಲ್ಲಿ ಅವರಿಬ್ಬರೂ ಬೇರೆಯಾದಾಗ ಮಗನನ್ನು ಪಗನಿನಿಯೇ ಇಟ್ಟುಕೊಂಡ. ಊರೂರು ಸುತ್ತುವಾಗಲೂ ಮಗು ಜೊತೆಯಲ್ಲೇ. ಜಿಪುಣನೆಂದು ಹೆಸರಾದವನು 1832ರಲ್ಲಿ ಪ್ಯಾರಿಸ್ಸಿನಲ್ಲಿ ಕಾಲರಾ ಬಂದಾಗ ರೋಗಪೀಡಿತರಿಗಾಗಿ ಕಚೇರಿ ಮಾಡಿದ. 1838ರಲ್ಲಿ ಬೆರ್ಲಿಯೋಜ್ ಎಂಬ ಸಂಗೀತಗಾರ ಸಾಲದಲ್ಲಿ ಮುಳುಗಿದ್ದಾಗ, ಆತನ ಕೃತಿಯನ್ನು ಕೇಳಿ ಮೆಚ್ಚಿ 20,000 ಫ್ರಾಂಕುಗಳನ್ನು ಕಳಿಸಿಕೊಟ್ಟ. ಅದರಿಂದ ಆತ ನೆಮ್ಮದಿಯಾಗಿ ಕೂತು ಮತ್ತೊಂದು ದೊಡ್ಡ ಕೃತಿ ರಚಿಸಲು ಸಾಧ್ಯವಾಯಿತು.

ಅಪವಾದ ನಗುವ ಮಾತಾಗಿ ಉಳಿಯಲಿಲ್ಲ. 'ಸೈತಾನನ ಮಗ' ಎಂಬ ಕೂಗನ್ನು ಅಡಗಿಸಲು ಹೆತ್ತ ತಾಯಿ ಬರೆದ ಕಾಗದವನ್ನು ಆತ ಅಚ್ಚು ಹಾಕಿಸಬೇಕಾಯಿತು, ತನಗೂ ಎಲ್ಲರಂತೆ ಅಪ್ಪ ಅಮ್ಮ ಇದ್ದಾರೆ ಎಂದು ತೋರಿಸಲು! ಕೊನೆಗಾಲದಲ್ಲಿ ಗಂಟಲು ಕಟ್ಟಿ ಮಾತೇ ನಿಂತುಹೋಯಿತು. ತಂದೆಯ ತುಟಿಯ ಚಲನೆ ನೋಡಿ ಮಗ ಅಕಿಲೆಯೇ ಮಂದಿಗೆ ಅರ್ಥ ಹೇಳುತ್ತಿದ್ದ. 1840ರ ಮೇ 27ರಂದು ನೀಸ್ ಪಟ್ಟಣದಲ್ಲಿ, 57ನೆಯ ವಯಸ್ಸಿನಲ್ಲಿ ಪಗನಿನಿ ತೀರಿಕೊಂಡ. ಪಾದ್ರಿಯಿಂದ ಅಂತ್ಯಕಾಲದ ಸಂಸ್ಕಾರ ಪಡೆದಿರಲಿಲ್ಲ. ಇದನ್ನೂ, ಊರ ತುಂಬ ಇದ್ದ ಮಾತುಗಳನ್ನೂ ಹಿಡಿದು ಅಲ್ಲಿಯ ಬಿಷಪ್ಪರು ಚರ್ಚಿನ ಪವಿತ್ರ ಭೂಮಿಯಲ್ಲಿ ಹೂಳಲು ಒಪ್ಪಲಿಲ್ಲ.

ಹದಿನಾಲ್ಕು ವರ್ಷದ ಹುಡುಗ, ತಂದೆಯ ಹೆಣ. ಕೆಡದಂತೆ ಮದ್ದು ಹಾಕಿದ ಆ ದೇಹವನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸಿದ್ದೇ ಸಾಗಿಸಿದ್ದು. ಹುಟ್ಟೂರಿನ ಕಡೆಗೆ ಒಯ್ಯಲು ನಾಲ್ಕು ವರ್ಷ ಹಿಡಿಯಿತು. ಪಾರ್ಮಾದ ಸ್ಮಶಾನದಲ್ಲಿ ಎಲ್ಲರಂತೆ ಮಣ್ಣು ಸಿಕ್ಕಿದ್ದು 1876ರಲ್ಲಿ, ಸತ್ತು 36 ವರ್ಷಗಳ ಮೇಲೆ! ಆ ಹೊತ್ತಿಗೆ ಅಕಿಲೆಯೇ ಐವತ್ತು ದಾಟಿದ್ದ. ಪತ್ರದಲ್ಲಿ ಬರೆದ "ಮಣ್ಣು ಕೂಡ ಸಿಗಲಿಲ್ಲ" ಎಂಬ ಮಾತು ಅಷ್ಟರ ಮಟ್ಟಿಗೆ ನಿಜ ತಂಗೀ. ಆದರೆ ಅದು ಸೈತಾನ ಕೊಟ್ಟ ಶಿಕ್ಷೆಯಲ್ಲ, ಜನರ ನಾಲಿಗೆ ಕೊಟ್ಟದ್ದು.

ಆತ ಪ್ರೀತಿಯಿಂದ ನುಡಿಸುತ್ತಿದ್ದ ಪಿಟೀಲು 1743ರಲ್ಲಿ ಗ್ವಾರ್ನೇರಿ ಎಂಬ ಕುಶಲಿ ಮಾಡಿದ್ದು. ಅದರ ದೊಡ್ಡ ದನಿಗೆ 'ಫಿರಂಗಿ' ಎಂದು ಹೆಸರಿಟ್ಟಿದ್ದ. ಅದನ್ನು ತನ್ನ ಊರಿಗೇ ಬರೆದಿಟ್ಟ. ಇಂದಿಗೂ ಜಿನೋವಾ ಅದನ್ನು ಕಣ್ಣಿನ ಗೊಂಬೆಯಂತೆ ಕಾಪಾಡಿಕೊಂಡಿದೆ. ಅದೇ ಪಗನಿನಿಯ ಕಾಲದಲ್ಲಿ ನಮ್ಮ ದಕ್ಷಿಣದಲ್ಲಿ ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು ಮದರಾಸಿನಲ್ಲಿ ಯೂರೋಪಿನವರಿಂದ ಪಿಟೀಲು ಕಲಿತು ಕರ್ನಾಟಕ ಸಂಗೀತಕ್ಕೆ ತಂದರು. ಪರದೇಶದ ಆ ಪೆಟ್ಟಿಗೆಯಲ್ಲೇ ನಮ್ಮ ಮೈಸೂರಿನ ಚೌಡಯ್ಯನವರು ಏಳು ತಂತಿ ಕಟ್ಟಿ ನುಡಿಸಿದರು. ವಾದ್ಯಕ್ಕೆ ಯಾವ ಪಾಪವೂ ಇಲ್ಲ. ನುಡಿಸುವವರ ಬೆವರು ಅಂಟಿದ ಮರ ಅದು, ಅಷ್ಟೇ.

ಆದ್ದರಿಂದ ತಂಗೀ, ಇವತ್ತೇ ಸಾಯಂಕಾಲ ದೀಪ ಹಚ್ಚಿದ ಮೇಲೆ ಮಗಳ ಕೈಯಲ್ಲಿ ಪೆಟ್ಟಿಗೆ ತೆಗೆಸಿ. ಮೂರು ವಾರ ಮುಚ್ಚಿಟ್ಟಿದ್ದರಿಂದ ಶ್ರುತಿ ಇಳಿದಿರುತ್ತದೆ, ಒತ್ತಾಯದಿಂದ ಬಿರಡೆ ತಿರುಗಿಸಬೇಡಿ, ಮೇಷ್ಟರ ಹತ್ತಿರವೇ ಕೂಡಿಸಿಕೊಂಡು ಬನ್ನಿ. ನುಡಿಸಿ ಮುಗಿದ ಮೇಲೆ ಕಮಾನಿನ ಕೂದಲನ್ನು ಸಡಿಲ ಮಾಡಿ, ತಂತಿಯ ಮೇಲಿನ ರಾಳದ ಪುಡಿಯನ್ನು ಮೆತ್ತನೆಯ ಹಳೇ ಸೀರೆ ಬಟ್ಟೆಯಿಂದ ಒರೆಸಿ ಇಡಲಿ. ಅತ್ತೆಯವರನ್ನು ಎದುರಿಗೇ ಕೂರಿಸಿ, ಅವರಿಗೆ ಇಷ್ಟವಾದ ದೇವರನಾಮವನ್ನೇ ಮಗಳು ಮೊದಲು ನುಡಿಸಲಿ. ಹಿರಿಯರ ಭಯ ವಾದದಿಂದ ಹೋಗುವುದಿಲ್ಲ, ಕಿವಿಗೆ ಇಂಪಾದರೆ ತಾನಾಗಿ ಹೋಗುತ್ತದೆ.

ಮತ್ತೆ ನಾವು? ಮುಂದಿನ ಸಲ ಕುಂಕುಮಕ್ಕೆ ಹೋದಾಗ ಯಾರದಾದರೂ ಮನೆಯ ಹುಡುಗಿಯ ಬಗ್ಗೆ, ಯಾವುದಾದರೂ ಮೇಷ್ಟರ ಬಗ್ಗೆ 'ಅಂತೆ' ಎಂದು ಶುರುವಾದರೆ, "ನೀವು ಕಂಡಿರಾ?" ಎಂದು ಒಂದೇ ಒಂದು ಪ್ರಶ್ನೆ ಕೇಳೋಣ. ಎಷ್ಟೋ ಕಂತೆಗಳು ಅಲ್ಲಿಗೇ ಬಿಚ್ಚಿಹೋಗುತ್ತವೆ. ನಾನಂತೂ ಆ ಓರಗಿತ್ತಿಯ ಮಕ್ಕಳಿಗೆ ಕಾಗದ ಬರೆದು, ಅಂದು ಹೇಳಿದ ಕಥೆಯನ್ನು ತಿದ್ದಿ ಕಳಿಸಿದ್ದೇನೆ.

ಮುಂದಿನ ಸಂಚಿಕೆಯಲ್ಲಿ ಭೇಟಿಯಾಗೋಣ.

ನಿಮ್ಮ ಅಕ್ಕ